ಹುತ್ತರಿ ಚಂದ್ರನೂ ನನ್ನ ಸಿ.ಎಲ್. ಲೆಕ್ಕವೂ

ಗೋಣಿಕೊಪ್ಪ ಬಸ್ ಸ್ಟ್ಯಾಂಡು, ಬೆಳಗ್ಗೆ ಆರೂ ಮುಕ್ಕಾಲು. ಮಂಜು ಎಷ್ಟಿದೆ ಅಂದ್ರೆ ಎದುರಿನ ಹೋಟೆಲಿನ ಬೋರ್ಡು ಓದೋಕಾಗ್ತಿಲ್ಲ, ಕಾಫಿ ವಾಸನೆ ಮಾತ್ರ ಬರ್ತಿದೆ. ಕ್ಯಾಮೆರಾ ಹಿಡಿದಿರೋದು ನನ್ನ ಮಗಳು. ಮಾತು ಆಮೇಲೆ ಅಡುಗೆಮನೆಯಲ್ಲಿ ಕೂತು ಸೇರಿಸಿದ್ದು. ನಡುವೆ ಕುಕ್ಕರ್ ಕೂಗಿದರೆ ಸಹಿಸಿಕೊಳ್ಳಿ.

ಕಾಯ್ತಿರೋದು ಅಕ್ಕನ ಮಗನಿಗೆ. ಅಗ್ನಿವೀರ, ಅಂದ್ರೆ ನಾಲ್ಕು ವರ್ಷಕ್ಕೆ ಅಂತ ಸೇನೆ ಸೇರಿದವನು. ರಾಜಸ್ಥಾನದಲ್ಲಿದ್ದಾನೆ, ಇದು ಎರಡನೇ ವರ್ಷ. ಹುತ್ತರಿಗೆ, ಅಂದ್ರೆ ನಮ್ಮ ಕೊಡಗಿನ ಸುಗ್ಗಿ ಹಬ್ಬಕ್ಕೆ, ರಜೆ ಮೇಲೆ ಬರ್ತಿದ್ದಾನೆ. ಮೈಸೂರಿನವರೆಗೆ ರೈಲು, ಅಲ್ಲಿಂದ ಹುಣಸೂರು, ತಿತಿಮತಿ ದಾಟಿ ಬರೋ ಬಸ್ಸು. ನಮ್ಮ ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ವಲ್ಲ. ನಾನು ಸೇನೆಯಲ್ಲಿದ್ದಾಗ ರಜೆಯ ರೈಲ್ವೆ ವಾರಂಟಿನಲ್ಲಿ, ಅಂದ್ರೆ ಸೇನೆ ಕೊಡೋ ರೈಲು ಪ್ರಯಾಣದ ಚೀಟಿಯಲ್ಲಿ, ಮೈಸೂರು ಅಂತಲೇ ಬರೆಸ್ತಿದ್ದೆ. ಹೊಸ ಕ್ಲರ್ಕ್ ಬಂದಾಗಲೆಲ್ಲ ಅದೇ ಪ್ರಶ್ನೆ: ಮನೆ ಕೊಡಗು ಅಂತೀರಿ, ಇಳಿಯೋದು ಮಾತ್ರ ಮೈಸೂರಲ್ಲಿ, ನಡುವಿನ ನೂರು ಚಿಲ್ಲರೆ ಕಿಲೋಮೀಟರ್ ಏನು ಹಾರಿಕೊಂಡು ಹೋಗ್ತೀರಾ?

ನಮ್ಮ ಪಕ್ಕದ ತೋಟದವರು ಒಬ್ಬರಿದ್ದಾರೆ. ನಾನು ರಜೆಗೆ ಬಂದಾಗಲೆಲ್ಲ ಗೇಟಿನ ಹತ್ರ ನಿಂತು, ‘ಮತ್ತೆ ಬಂದ್ಯಾ? ನಿಮಗೇನಪ್ಪ, ವರ್ಷಕ್ಕೆ ಮೂರು ತಿಂಗಳು ರಜೆ’ ಅನ್ನೋರು. ಸುಳ್ಳಲ್ಲ ಅದು. ಸಿಪಾಯಿಯಿಂದ ಸುಬೇದಾರ್ ಮೇಜರ್‌ವರೆಗೆ ವರ್ಷಕ್ಕೆ 60 ದಿನ ಆನ್ಯುವಲ್ ಲೀವ್ (ಎ.ಎಲ್.), 30 ದಿನ ಕ್ಯಾಶುವಲ್ ಲೀವ್ (ಸಿ.ಎಲ್.). ಕೂಡಿಸಿದರೆ 90. ಅಧಿಕಾರಿಗಳಿಗೆ ಸಿ.ಎಲ್. 20 ದಿನ ಮಾತ್ರ. ಸಾಹೇಬರಿಗಿಂತ ಸಿಪಾಯಿಗೆ ಜಾಸ್ತಿ ಸಿಗೋ ವಸ್ತು ಅಂತ ಸೇನೆಯಲ್ಲಿ ನಾನು ಕಂಡದ್ದು ಇದೊಂದೇ.

ಆದರೆ ಆ 90 ಒಂದೇ ಜೇಬಿನಲ್ಲಿರೋದಲ್ಲ. 24 ವರ್ಷದ ಸೇವೆಯಲ್ಲಿ ಆರು ವರ್ಷ ಕಂಪನಿ, ಅಂದ್ರೆ ನಮ್ಮ ಸೇನಾ ತುಕಡಿಯ, ಆಫೀಸಿನಲ್ಲಿ ರಜೆ ರಿಜಿಸ್ಟರ್ ಬರೆದವನು ನಾನು. ಪ್ರತಿ ಹೊಸ ಹುಡುಗನಿಗೂ ಹೀಗೇ ಹೇಳ್ತಿದ್ದೆ: ಸಿ.ಎಲ್. ಅಂದ್ರೆ ಹಾಲು, ಎ.ಎಲ್. ಅಂದ್ರೆ ಭತ್ತ. ಹಾಲು ಡಿಸೆಂಬರ್ 31ರ ರಾತ್ರಿ ಒಡೆದು ಹೋಗುತ್ತೆ. ಆ ವರ್ಷದ ಸಿ.ಎಲ್. ಆ ವರ್ಷವೇ ಮುಗಿಸಬೇಕು. ಕೊನೇ ವಾರ ಹೊರಟು ಜನವರಿಗೆ ಕಾಲಿಟ್ಟರೆ, ಜನವರಿಯ ದಿನಗಳು ಹೊಸ ವರ್ಷದ ಸಿ.ಎಲ್.ನಿಂದ ಕಳೀತವೆ. ಭತ್ತ ಹಾಗಲ್ಲ, ಪತ್ತಾಯಕ್ಕೆ, ಅಂದ್ರೆ ಕಣಜಕ್ಕೆ, ತುಂಬಬಹುದು. ಡ್ಯೂಟಿಯ ಕಾರಣಕ್ಕೆ ಬಿಡಲಿಲ್ಲ ಅಂತ ದಾಖಲಾದರೆ, ಉಳಿದ ಎ.ಎಲ್.ನಲ್ಲಿ ವರ್ಷಕ್ಕೆ ಹೆಚ್ಚೆಂದರೆ 30 ದಿನ ಜಮಾ ಆಗುತ್ತೆ. ಇಡೀ ಸೇವೆಗೆ ಮಿತಿ 300.

ಇನ್ನೊಂದು ತಮಾಷೆ. ಹಾಲು, ಭತ್ತ ಎರಡನ್ನೂ ಒಂದೇ ಚೀಲದಲ್ಲಿ ಹಾಕೋ ಹಾಗಿಲ್ಲ. ಸಿ.ಎಲ್.ಗೆ ಎ.ಎಲ್. ಅಂಟಿಸಿ ತೊಂಬತ್ತು ದಿನ ಮನೇಲಿ ಕೂರ್ತೀನಿ ಅಂದ್ರೆ ಆಗೋದಿಲ್ಲ. ಕಾಗದದ ಮೇಲೆ ಸಿ.ಎಲ್. ಅಂದ್ರೆ ಡ್ಯೂಟಿಯೇ. ತೋಟದಲ್ಲಿ ಬರ್ಮುಡಾ ಹಾಕ್ಕೊಂಡು ಮೆಣಸಿನ ಬಳ್ಳಿ ಕಟ್ಟುತ್ತಿದ್ದರೂ ನಾನು ‘ಡ್ಯೂಟಿ ಮೇಲೆ’. ಹೆಂಡತಿಗೆ ಇದನ್ನ ಹೇಳಿದಾಗ, ‘ಹಾಗಾದರೆ ಆ ಕೊಟ್ಟಿಗೆಯನ್ನೂ ಗುಡಿಸಿ ಡ್ಯೂಟಿ ಮುಗಿಸಿ’ ಅಂದಿದ್ದಳು.

ಮಗು ಹುಟ್ಟಿದಾಗಿನ 15 ದಿನ, ಆಸ್ಪತ್ರೆಯಿಂದ ಸಿಗೋ ಸಿಕ್ ಲೀವ್, ಇವೆಲ್ಲ ಬೇರೆ ಖಾತೆ. ಅದರೊಳಕ್ಕೆ ಹೋಗಲ್ಲ ಈಗ.

ಹಬ್ಬದ ವಿಷಯಕ್ಕೆ ಬರ್ತೀನಿ. ವರ್ಷದ ಶುರುವಿನಲ್ಲೇ ಕಂಪನಿಯಲ್ಲಿ ಲೀವ್ ಪ್ಲಾನ್ ಮಾಡ್ತಾರೆ. ಯಾರು ಯಾವಾಗ ಹೋಗ್ತೀರಿ, ತಾರೀಕು ಬರೆಸಿ ಅಂತ. ಎಲ್ಲರನ್ನೂ ಒಟ್ಟಿಗೆ ಬಿಡೋಕಾಗಲ್ಲ, ಗಾರ್ಡು ಯಾರು ನಿಲ್ಲೋದು? ನಮ್ಮದು ದಕ್ಷಿಣದವರೇ ತುಂಬಿದ್ದ ಕಂಪನಿ. ಮಲಯಾಳಿಗಳು ಓಣಂ ಬರೆಸೋರು, ತಮಿಳರು ಪೊಂಗಲ್, ಆಂಧ್ರದವರು ಸಂಕ್ರಾಂತಿ. ಹೆಸರು ಎರಡಾದರೂ ದಿನ ಅದೇ ಆದ್ದರಿಂದ ಅಲ್ಲೇ ಒಂದು ಜಗಳ. ನನಗೆ ಕೈಲ್ ಮುಹೂರ್ತ, ನಮ್ಮ ಕೊಡಗಿನ ಆಯುಧ ಪೂಜೆ ಹಬ್ಬ, ಸುಲಭ. ಸೆಪ್ಟೆಂಬರ್ 3, ಕಣ್ಣು ಮುಚ್ಚಿ ಬರೆಸಬಹುದು. ಕಾವೇರಿ ಸಂಕ್ರಮಣವೂ ಅಷ್ಟೇ, ಅಕ್ಟೋಬರ್ 17ರ ಆಸುಪಾಸು. ತಕರಾರು ಇರೋದು ಹುತ್ತರಿಯದ್ದು.

ಹುತ್ತರಿ ಕ್ಯಾಲೆಂಡರ್ ನೋಡಿ ಬರೋದಲ್ಲ, ಚಂದ್ರನ್ನ ನೋಡಿ ಬರೋದು. ವೃಶ್ಚಿಕ ಮಾಸ, ಹುಣ್ಣಿಮೆ, ರೋಹಿಣಿ ನಕ್ಷತ್ರ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಕೂತು ದಿನ ಗೊತ್ತು ಮಾಡ್ತಾರೆ. ನೆರೆ ಅನ್ನೋ ಎಲೆಗಳ ಕಟ್ಟು ಕಟ್ಟೋ ಹೊತ್ತು, ಕದಿರು ಅಂದ್ರೆ ಹೊಸ ಭತ್ತದ ತೆನೆ ತೆಗೆಯೋ ಹೊತ್ತು, ಊಟದ ಹೊತ್ತು ಎಲ್ಲ ಅಲ್ಲೇ. ಅದು ಊರಿಗೆ ಗೊತ್ತಾಗೋದು ಹಬ್ಬಕ್ಕೆ ಕೆಲವೇ ವಾರ ಇರೋವಾಗ. ನಮ್ಮ ಲೀವ್ ಪ್ಲಾನಿಗೆ ಬೇಕಿರೋದು ಜನವರಿಯಲ್ಲಿ. ಕಂಪನಿ ಕಮಾಂಡರ್ ಕೇಳಿದರು, ‘ನಿನ್ನ ಹಬ್ಬ ಯಾವಾಗ?’ ‘ನವೆಂಬರ್ ಕೊನೆಗೆ ಸಾಬ್, ಇಲ್ಲ ಡಿಸೆಂಬರ್ ಮಧ್ಯಕ್ಕೆ.’ ‘ತಾರೀಕು?’ ‘ದೇವಸ್ಥಾನದಲ್ಲಿ ಹೇಳ್ತಾರೆ ಸಾಬ್.’ ಅವರು ಪೆನ್ನು ಕೆಳಗಿಟ್ಟು ನನ್ನನ್ನ ನೋಡಿದ ನೋಟ ಇವತ್ತಿಗೂ ನೆನಪಿದೆ.

ಒಂದು ವರ್ಷ ಅಂದಾಜಿನ ಮೇಲೆ ಡಿಸೆಂಬರ್ 5ರಿಂದ ಅಂತ ಬರೆಸಿದೆ. ಹಬ್ಬ ನವೆಂಬರಲ್ಲೇ ಬಂದುಬಿಡ್ತು. ಬದಲಾಯಿಸೋಣ ಅಂದ್ರೆ ಡಿಸೆಂಬರ್ ಹತ್ತಿರ ಬಂದಾಗ ಆಫೀಸಿನ ಬಾಗಿಲಲ್ಲಿ ಕ್ಯೂ. ವರ್ಷವಿಡೀ ಸಿ.ಎಲ್. ಉಳಿಸಿಕೊಂಡವರೆಲ್ಲ ಹಾಲು ಒಡೆಯೋ ಮೊದಲು ಕುಡಿಯೋಕೆ ನಿಂತಿರ್ತಾರೆ, ಕ್ರಿಸ್‌ಮಸ್‌ನವರು ಬೇರೆ. ನಾನು ಮನೆ ಮುಟ್ಟಿದಾಗ ಕಂಬಕ್ಕೆ ಕಟ್ಟಿದ್ದ ಕದಿರು ಆಗಲೇ ಒಣಗಿತ್ತು. ಅವ್ವ ಒಂದು ಬಾಳೆಹಣ್ಣು ಹಿಸುಕಿ, ಹುರಿದಕ್ಕಿ ಹಿಟ್ಟು ಕಲಸಿ, ನನ್ನೊಬ್ಬನಿಗೆ ತಂಬಿಟ್ಟು ಮಾಡಿಕೊಟ್ಟರು. ತುಪ್ಪ ಮಾತ್ರ ನಾಲ್ಕು ಜನರಿಗಾಗೋವಷ್ಟು ಸುರಿದಿದ್ದರು. ‘ಪೊಲಿ ಪೊಲಿ ದೇವಾ’ ಅಂತ ಕದಿರು ತೆಗೆಯುವಾಗ ಎಲ್ಲರೂ ಸೇರಿ ಕೂಗೋದನ್ನ ಒಬ್ಬನೇ ಕೂಗೋಕೆ ನಾಚಿಕೆ ಆಯ್ತು. ಗದ್ದೆಯಲ್ಲಿ ಬರೀ ಕೂಳೆ ನಿಂತಿತ್ತು.

ಆಮೇಲೆ ಬುದ್ಧಿ ಬಂತು. ಜನವರಿಯಲ್ಲೇ ಪಂಚಾಂಗ ತೆಗೆದು ವೃಶ್ಚಿಕದ ಹುಣ್ಣಿಮೆ ಹುಡುಕಿ, ಅದರ ಎರಡೂ ಕಡೆ ಒಂದೊಂದು ವಾರ ಬಿಟ್ಟು ಬರೆಸ್ತಿದ್ದೆ. ಕೊಡಗಿನ ಹುಡುಗರು ಯಾರಾದರೂ ಕೇಳ್ತಿದ್ದರೆ ಇದನ್ನ ಬರೆದಿಟ್ಟುಕೊಳ್ಳಿ.

ಇಷ್ಟಾದ ಮೇಲೂ ಮಂಜೂರಾದ ರಜೆ ನಮ್ಮದಲ್ಲ. ಹಕ್ಕು ಅಂತ ಕೇಳೋ ಹಾಗಿಲ್ಲ, ಬೇಕಾದರೆ ನಡುವೆಯೇ ಕರೀತಾರೆ. 1999ರಲ್ಲಿ ಕಾರ್ಗಿಲ್ ಶುರುವಾದಾಗ ನಾನು 30 ದಿನಕ್ಕೆ ಬಂದಿದ್ದೆ. ಹನ್ನೊಂದನೇ ದಿನ ಪೋಸ್ಟ್‌ಮ್ಯಾನ್ ಮಳೆಯಲ್ಲಿ ಕೊಡೆ ಹಿಡ್ಕೊಂಡು ಗದ್ದೆ ಏರಿಯ ಮೇಲೆ ಬರ್ತಿದ್ದದ್ದು ಕಂಡಿತು. ಟೆಲಿಗ್ರಾಂ ಒಡೆದು ನೋಡೋ ಮೊದಲೇ ಅಪ್ಪ ಒಳಗೆ ಹೋಗಿ ನನ್ನ ಟ್ರಂಕ್ ಕೆಳಗಿಳಿಸಿದ್ದರು. ಉಳಿದ 19 ದಿನ ಪುಸ್ತಕದಲ್ಲಿ ವಾಪಸ್ ಬಂತು, ಸರಿ.

ಟೆಲಿಗ್ರಾಂ ಅಂದ್ರೆ ಆಗಿನ ಕಾಲಕ್ಕೆ ಎರಡು ಕಡೆಯೂ ಭಯ. ಊರಿನಿಂದ ಪಲ್ಟನ್‌ಗೆ ‘ತಾಯಿ ಸೀರಿಯಸ್, ಬೇಗ ಬಾ’ ಅಂತ ಬರೋವು ಎಷ್ಟೋ. ಒಬ್ಬ ಹುಡುಗನ ತಾಯಿ ಎರಡು ವರ್ಷದಲ್ಲಿ ಮೂರು ಸಲ ಸೀರಿಯಸ್ ಆಗಿದ್ದರು, ಮೂರೂ ಸಲ ಊರಿನ ಜಾತ್ರೆ ಸಮಯಕ್ಕೆ. ನಮ್ಮ ಸುಬೇದಾರ್ ಸಾಬ್ ನಾಲ್ಕನೇ ಸಲ ರಜೆ ಕೊಟ್ಟು, ‘ಅಮ್ಮನಿಗೆ ನನ್ನ ನಮಸ್ಕಾರ ಹೇಳು, ಬರುವಾಗ ಜಾತ್ರೆ ಮಿಠಾಯಿ ತಾ’ ಅಂದರು.

ರಜೆ ಮುಗಿದರೂ ಹೋಗದೆ ಉಳಿದರೆ ಅದು ನಗೋ ವಿಷಯ ಅಲ್ಲ. ಸರಿಯಾದ ಕಾರಣ ಇಲ್ಲದೆ ರಜೆ ಮೀರಿ ಕೂರೋದು 1950ರ ಸೇನಾ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಅಪರಾಧ, ಮೂರು ವರ್ಷದವರೆಗೆ ಶಿಕ್ಷೆ ಆಗಬಹುದು. ಮೂವತ್ತು ದಿನ ದಾಟಿದರೆ ಕೋರ್ಟ್ ಆಫ್ ಎನ್‌ಕ್ವೈರಿ, ಅಂದ್ರೆ ಸೇನೆಯ ಒಳಗಿನ ವಿಚಾರಣೆ. ಎರಡು ಮೂರು ದಿನದ ತಡಕ್ಕೆ ಜೈಲಿಗೇನೂ ಕಳಿಸಲ್ಲ, ಆದರೆ ದಾಖಲೆಯಲ್ಲಿ ಕೆಂಪು ಶಾಯಿ ಬಿದ್ದರೆ ಪ್ರಮೋಷನ್ ಹೊತ್ತಿಗೆ ಅದೇ ಮೊದಲು ಕಣ್ಣಿಗೆ ಬೀಳೋದು.

2018ರ ಆಗಸ್ಟಲ್ಲಿ ನನಗೂ ಆ ಭಯ ಹಿಡೀತು. ರಜೆ ಮುಗಿಯೋಕೆ ಮೂರು ದಿನ ಇತ್ತು. ಮಕ್ಕಂದೂರಿನ ಕಡೆ ಚಿಕ್ಕಪ್ಪನ ಮನೆಯವರನ್ನ ಹುಡುಕಿಕೊಂಡು ಹೋದವನು ಅಲ್ಲೇ ಸಿಕ್ಕಿಬಿದ್ದೆ. ಗುಡ್ಡ ಜಾರಿ ರಸ್ತೆ ಅನ್ನೋದೇ ಇರಲಿಲ್ಲ. ಫೋನಿನಲ್ಲಿ ನೆಟ್‌ವರ್ಕ್ ಇಲ್ಲ, ಕರೆಂಟಿಲ್ಲ. ಎಕ್ಸ್‌ಟೆನ್ಷನ್ ಕೇಳೋದಿದ್ದರೆ ರಜೆ ಮುಗಿಯೋ ಮೊದಲೇ ಕೇಳಬೇಕು, ಆಮೇಲೆ ಹೇಳಿದ್ದೆಲ್ಲ ನೆಪ. ಕೆಸರಲ್ಲಿ ಅರ್ಧ ದಿನ ನಡೆದು, ಒಂದು ತಿರುವಿನಲ್ಲಿ ಎರಡು ಕಡ್ಡಿ ಸಿಗ್ನಲ್ ಸಿಕ್ಕಾಗ ಕಂಪನಿಗೆ ಫೋನ್ ಮಾಡಿದೆ. ಅವರು ಟಿ.ವಿ.ಯಲ್ಲಿ ನೋಡ್ತಿದ್ದರು. ಹತ್ತು ದಿನ ಕೊಟ್ಟರು. ಅದು ಬಿಟ್ಟಿ ಅಲ್ಲ, ನನ್ನ ಎ.ಎಲ್.ನಿಂದಲೇ ಕಳೆದರು. ಬೇಜಾರಿಲ್ಲ, ಆ ಹತ್ತು ದಿನದಲ್ಲಿ ನಾಲ್ಕು ಮನೆಯ ಸಾಮಾನು ಹೊರಗೆ ಹೊತ್ತು ತಂದೆವು.

ರಜೆ ಬ್ಯಾಲೆನ್ಸ್ ಬಗ್ಗೆ ಒಂದು ಮಾತು, ಇದು ನನ್ನ ಹೊಟ್ಟೆಯುರಿ. ರಜೆ ತಗೊಂಡದ್ದು, ರದ್ದಾದದ್ದು, ಜಮಾ ಆದದ್ದು ಎಲ್ಲವೂ ಪಾರ್ಟ್ ಟು ಆರ್ಡರಿನಲ್ಲಿ, ಅಂದ್ರೆ ಸೈನಿಕನ ದಾಖಲೆಗೆ ಸೇರೋ ಲಿಖಿತ ಆದೇಶದಲ್ಲಿ, ಹೊರಡಬೇಕು. ಹೊರಡದಿದ್ದರೆ ನೀವು ಡ್ಯೂಟಿ ಮಾಡಿದ ದಿನಗಳೂ ಲೆಕ್ಕದಲ್ಲಿ ರಜೆಯೇ. ನನ್ನ ಹನ್ನೆರಡು ದಿನ ಹೀಗೇ ಮಾಯವಾಗಿತ್ತು. ಗೊತ್ತಾದದ್ದು ನಿವೃತ್ತಿಗೆ ವರ್ಷ ಇರುವಾಗ. ಯಾವ ಕಚೇರಿ ಅಂತ ಹೇಳಲ್ಲ, ಏಳು ತಿಂಗಳು ಕಾಗದ ಬರೆಸಿದರು. ಕೊನೆಗೆ ಉಳಿಸಿದ್ದು ನನ್ನ ಹಳೇ ಟ್ರಂಕಿನ ತಳದಲ್ಲಿದ್ದ ಲೀವ್ ಸರ್ಟಿಫಿಕೇಟು. ಅಂಗೈ ಅಗಲದ ಕಾಗದ, ನಾಲ್ಕು ಮಡಿಕೆ, ಮಡಿಕೆಯಲ್ಲಿ ಅಕ್ಷರ ಅಳಿಸಿಹೋಗಿತ್ತು, ಆದರೆ ‘ರದ್ದು’ ಅಂತ ಹಾಕಿದ ಸೀಲು, ಅದರ ಕೆಳಗೆ ನೀಲಿ ಸಹಿ, ತಾರೀಕು ಗಟ್ಟಿಯಾಗಿ ನಿಂತಿತ್ತು. ಈಗ ಫೋನಲ್ಲೇ ಫೋಟೋ ತೆಗೆದಿಡಬಹುದು. ತೆಗೆದಿಡಿ.

2019ರಲ್ಲಿ ನಿವೃತ್ತಿ ಆದಾಗ ಪತ್ತಾಯದಲ್ಲಿದ್ದದ್ದು 214 ದಿನ. ಹೀಗೆ ಉಳಿದ ರಜೆಗೆ ನಿವೃತ್ತಿ ಹೊತ್ತಿಗೆ ದುಡ್ಡು ಕೊಡ್ತಾರೆ. ಕೊನೆಯ ಮೂಲ ವೇತನಕ್ಕೆ ತುಟ್ಟಿಭತ್ಯೆ ಕೂಡಿಸಿ, 30ರಿಂದ ಭಾಗಿಸಿ, ದಿನಗಳಿಂದ ಗುಣಿಸ್ತಾರೆ. ಅಂದ್ರೆ ನನಗೆ ಬಂದದ್ದು ಏಳು ತಿಂಗಳ ಸಂಬಳಕ್ಕಿಂತ ಸ್ವಲ್ಪ ಜಾಸ್ತಿ. ಪಾಸ್‌ಬುಕ್ ತಂದು ಹೆಮ್ಮೆಯಿಂದ ಹೆಂಡತಿ ಕೈಗಿಟ್ಟೆ. ‘ಇದೇನು ದುಡ್ಡು?’ ಅಂದಳು. ಮನೆಗೆ ಬರದೆ ಉಳಿಸಿದ ರಜೆಯದ್ದು ಅಂದೆ. ‘ನೀವು ಬರಲಿಲ್ಲ, ಕಾದದ್ದು ಯಾರು?’ ಅಂತ ಕೇಳಿ, ಪಾಸ್‌ಬುಕ್ಕನ್ನ ಸೀದಾ ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಆ ಬೀಗದ ಕೈ ನಾನು ಇನ್ನೂ ನೋಡಿಲ್ಲ. ಮನೆಗೆ ಹೊಸ ಹೆಂಚು ಬಂದದ್ದು ಮಾತ್ರ ನೋಡಿದೆ.

ನಮ್ಮ ಹುಡುಗನ ಲೆಕ್ಕ ಇನ್ನೂ ಬಿಗಿ. 2022ರಲ್ಲಿ ಬಂದ ಅಗ್ನಿಪಥದಲ್ಲಿ ವರ್ಷಕ್ಕೆ 30 ದಿನ ಅಷ್ಟೇ, ಕಾಯಿಲೆಗೆ ಡಾಕ್ಟರ್ ಹೇಳಿದ ಹಾಗೆ. ಮೇ ತಿಂಗಳಲ್ಲಿ ತಂಗಿ ಮದುವೆಗೆ 12 ದಿನ ಖರ್ಚು ಮಾಡಿದ. ಉಳಿದದ್ದು 18. ಹೋಗೋಕೆ ಬರೋಕೆ ಮೂರು ಮೂರು ದಿನ ರೈಲು, ಬಸ್ಸು ತಿಂದರೆ ಮನೆಗೆ 12. ಜನವರಿಯಲ್ಲೇ ನನಗೆ ಫೋನ್ ಮಾಡಿ, ‘ಮಾವ, ಹುಣ್ಣಿಮೆ ಯಾವತ್ತು?’ ಅಂತ ಕೇಳಿದ್ದ. ನಾನು ಹೇಳಿದ ತಾರೀಕಿಗೇ ಬರೆಸಿದ್ದಾನೆ. ಮೊನ್ನೆ ಪಾಡಿಯಲ್ಲಿ ದಿನ ಗೊತ್ತಾದಾಗ ಅವನಿಗಿಂತ ನನಗೇ ಎದೆ ಹೊಡೆದುಕೊಳ್ತಿತ್ತು. ಹಬ್ಬ ಅವನ ರಜೆಯ ಏಳನೇ ದಿನಕ್ಕೆ ಬಿದ್ದಿದೆ.

ಬಸ್ಸು ಬಂತು ನೋಡಿ, ಲೈಟು ಕಾಣ್ತಿದೆ. ಹಿಂದಿನ ಬಾಗಿಲು, ಹಿಂದಿನ ಬಾಗಿಲಿಗೆ ಹಿಡಿ ಮಗಳೇ. ಅಗೋ, ಹಸಿರು ಬ್ಯಾಗು. ಸಪೂರ ಆಗಿದ್ದಾನೆ. ಕಾಲಿಗೆ ಬೀಳ್ತಾ ಮೊದಲ ಮಾತೇ, ‘ಮಾವ, ಈ ಸಲ ಕದಿರು ತೆಗೆಯೋದು ಎಷ್ಟು ಗಂಟೆಗೆ?’