ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ 650 ಬೈಕ್: 34 ಸಾವಿರ ಕಿಲೋಮೀಟರ್ ಓಡಿಸಿದ ಮೇಲೆ

ಈಗ ನೋಡುತ್ತಿರುವುದು ಹಳೆಯ ವಿಡಿಯೋ. 2023ರ ಶ್ರಾವಣ, ಗಾಡಿ ಮನೆಗೆ ಬಂದ ಮೊದಲ ವಾರ. ಬೆಳಗ್ಗೆ ಐದೂವರೆ. ನಾನು ಗಾಡಿಯನ್ನು ಹಿಂದಕ್ಕೆ ತಳ್ಳುತ್ತಿದ್ದೇನೆ, ಅದು ಬರುತ್ತಿಲ್ಲ. ಕಾಂಪೌಂಡ್ ಒಳಗೆ ತಿರುಗಿಸುವಷ್ಟು ಜಾಗ ಇಲ್ಲ, ರಿವರ್ಸ್‌ನಲ್ಲೇ ರಸ್ತೆಗೆ ತರಬೇಕು. ಗೇಟಿನ ಹತ್ತಿರ ನಾಲ್ಕು ಬೆರಳಷ್ಟು ಏರು ಇದೆ. ಮಳೆ ನೀರು ಒಳಗೆ ಬರದಿರಲಿ ಅಂತ ಅಪ್ಪ ಕಟ್ಟಿಸಿದ್ದು. ಸ್ಕೂಟರ್‌ಗೆ ಅದು ಲೆಕ್ಕಕ್ಕೇ ಇಲ್ಲ. ಇದು 241 ಕೆಜಿ. ಬೆವರು ಕಿತ್ತು ಬಂತು. ಆಮೇಲೆ ಅಪ್ಪ ಲುಂಗಿ ಎತ್ತಿ ಕಟ್ಟಿಕೊಂಡು ಬಂದು ಮುಂದಿನಿಂದ ನೂಕಿದರು. ‘ಎಮ್ಮೆ ತಂದಿದೀಯಲ್ಲೋ’ ಅಂದರು.

ಈ ಗಾಡಿ ಬಗ್ಗೆ ನಾನು ಏನೇ ಹೇಳಿದರೂ ಕೊನೆಗೆ ಈ ಭಾರಕ್ಕೇ ಬಂದು ನಿಲ್ಲುತ್ತೆ. ಒಳ್ಳೆಯದೂ ಅದರಿಂದಲೇ, ಕಷ್ಟವೂ ಅದರಿಂದಲೇ.

ಮೊದಲು ಹೈವೇ ಮಾತು. ನಮ್ಮದು ದಾವಣಗೆರೆ. ಇಲ್ಲಿಂದ ಚಿತ್ರದುರ್ಗದ ಕಡೆಗೆ ಹೊರಟರೆ ಅರವತ್ತು ಕಿಲೋಮೀಟರ್ ಬಯಲು. ದುರ್ಗ ಹತ್ತಿರ ಬಂದ ಹಾಗೆ ಗುಡ್ಡಗಳ ಮೇಲೆ ಗಾಳಿಯಂತ್ರ ಸಾಲಾಗಿ ಕಾಣುತ್ತೆ. ಅವನ್ನು ಅಲ್ಲಿ ಸುಮ್ನೆ ನೆಟ್ಟಿಲ್ಲ. ಆಷಾಢದಲ್ಲಿ ಆ ರಸ್ತೆಯಲ್ಲಿ ಬೈಕ್ ಓಡಿಸಿದವರಿಗೆ ಗೊತ್ತು, ಪಕ್ಕದಿಂದ ಗಾಳಿ ಹೊಡೆದರೆ ಗಾಡಿ ಒಂದು ಮೊಳ ಸರಿದುಬಿಡುತ್ತೆ. ನನ್ನ ಹಳೆಯ 150 ಸಿಸಿ ಬೈಕಿನಲ್ಲಿ ಲಾರಿ ಓವರ್‌ಟೇಕ್ ಮಾಡುವಾಗೆಲ್ಲ ಹ್ಯಾಂಡಲ್ ಬಿಗಿಯಾಗಿ ಹಿಡಿದು, ಹಲ್ಲು ಕಚ್ಚಿಕೊಂಡು ಹೋಗುತ್ತಿದ್ದೆ. ಲಾರಿಯ ಮರೆ ಮುಗಿದ ಕೂಡಲೇ ಗಾಳಿ ರಪ್ಪನೆ ಬಡಿಯುತ್ತಿತ್ತು. ಈ ಗಾಡಿ ಅದಕ್ಕೆ ಜಗ್ಗಲ್ಲ. ಸ್ವಲ್ಪ ವಾಲುತ್ತೆ, ಮತ್ತೆ ತನ್ನ ದಾರಿ ಹಿಡಿಯುತ್ತೆ. ಸೀಟು ನೆಲದಿಂದ 740 ಮಿಲಿಮೀಟರ್ ಅಷ್ಟೇ, ಎರಡು ಚಕ್ರದ ನಡುವೆ ಒಂದೂವರೆ ಮೀಟರ್ ಅಂತರ. ಎತ್ತಿನಗಾಡಿಯಲ್ಲಿ ಒರಗಿ ಕೂತಷ್ಟು ನಿರಾಳ. ಭುಜ ನೋಯಲ್ಲ, ಕೈ ಜೋಮು ಹಿಡಿಯಲ್ಲ. ಮುನ್ನೂರು ಕಿಲೋಮೀಟರ್ ಓಡಿಸಿ ಇಳಿದ ಮೇಲೂ ಮನೆಯವರ ಜೊತೆ ನಗುತ್ತಾ ಮಾತಾಡುವಷ್ಟು ಜೀವ ಉಳಿದಿರುತ್ತೆ.

ಇಂಜಿನ್ ಬಗ್ಗೆ ಒಂದು ಮಾತು. 648 ಸಿಸಿ, ಎರಡು ಸಿಲಿಂಡರ್, 47 ಪಿಎಸ್. 2018ರಲ್ಲಿ ಇದೇ ಕಂಪನಿಯ ಇಂಟರ್‌ಸೆಪ್ಟರ್ ಮತ್ತು ಕಾಂಟಿನೆಂಟಲ್ ಜಿಟಿ ಬೈಕ್‌ಗಳ ಜೊತೆ ಬಂತಲ್ಲ, ಅದೇ ಇಂಜಿನ್. ಆ ಸದ್ದು ಎಲ್ಲರೂ ಕೇಳುತ್ತಾರೆ, ಯಾಕೆ ಹಾಗೆ ಅಂತ. ಎರಡು ಪಿಸ್ಟನ್ ಒಟ್ಟಿಗೆ ಮೇಲೆ ಬರಲ್ಲ. ಪಿಸ್ಟನ್‌ಗಳು ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್‌ನಲ್ಲಿ ಅವುಗಳ ನಡುವೆ 270 ಡಿಗ್ರಿ ಅಂತರ ಇಟ್ಟಿದ್ದಾರೆ. ಹಾಗಾಗಿ ಒಂದು ಹೊಡೆತ ಬೇಗ, ಇನ್ನೊಂದು ತಡವಾಗಿ ಬೀಳುತ್ತೆ. ಡೊಳ್ಳಿನವರು ನಿಧಾನ ಗತಿಯಲ್ಲಿ ಶುರು ಮಾಡುತ್ತಾರಲ್ಲ, ಆ ಥರ. ಇಯರ್‌ಫೋನ್ ಹಾಕಿಕೊಂಡಿದ್ದರೆ ಈ ಹತ್ತು ಸೆಕೆಂಡ್ ಕೇಳಿ, ನಾನು ಸುಮ್ಮನಿರುತ್ತೇನೆ.

ಈಗ ಕಷ್ಟದ ಕಡೆ.

ಪೇಟೆಯೊಳಗೆ ಇದು ಗೋಳು. ಬೆಂಗಳೂರಿಗೆ ಹೋದಾಗ ಪೀಣ್ಯ ದಾಟುವಷ್ಟರಲ್ಲಿ ಬಲಗಾಲಿಗೆ ಒಲೆ ಮುಂದೆ ಕೂತ ಹಾಗೆ ಬಿಸಿ ತಟ್ಟುತ್ತೆ. ಗಾಳಿ ಮತ್ತು ಆಯಿಲ್‌ನಿಂದ ತಣ್ಣಗಾಗುವ ಇಂಜಿನ್ ಅಲ್ವಾ, ಗಾಡಿ ನಿಂತರೆ ಗಾಳಿಯೂ ನಿಂತಿತು. ಸಂದಿಯಲ್ಲಿ ನುಸುಳುವ ಆಸೆ ಬಿಟ್ಟುಬಿಡಿ. ಊರೊಳಗೆ ನನಗೆ ಲೀಟರ್‌ಗೆ 21 ಸಿಗುತ್ತೆ, ಹೈವೇಯಲ್ಲಿ ಎಂಬತ್ತರ ಆಸುಪಾಸು ಹೋದರೆ 27. ಟ್ಯಾಂಕ್ 15.7 ಲೀಟರ್, ಹಾಗಾಗಿ ಮುನ್ನೂರೈವತ್ತು ಕಿಲೋಮೀಟರ್‌ಗೆ ಒಮ್ಮೆ ಬಂಕ್ ಹುಡುಕುತ್ತೇನೆ.

ಆಮೇಲೆ ಬೀಳಿಸಿದ್ದು. ಇದನ್ನು ಹೇಳಲೇಬೇಕು, ಯಾಕೆಂದರೆ ದೊಡ್ಡ ಗಾಡಿ ಬೀಳುವುದು ಓಡುವಾಗಲ್ಲ, ನಿಂತಾಗ. ಹಿರಿಯೂರಿನ ಹತ್ತಿರ ಒಂದು ಹೋಟೆಲ್ ಮುಂದೆ ಜಲ್ಲಿ ಹಾಕಿದ ಇಳಿಜಾರು. ಎಡಗಾಲು ಇಟ್ಟೆ, ಕಲ್ಲು ಜಾರಿತು. ಗಾಡಿ ವಾಲುವುದು ಗೊತ್ತಾಗುತ್ತೆ, ತಡೆಯೋಕೆ ಆಗಲ್ಲ. ಒಂದು ಮಟ್ಟ ದಾಟಿದ ಮೇಲೆ ಹಿಡಿದುಕೊಳ್ಳಲು ಹೋಗಬೇಡಿ, ಬೆನ್ನು ಹೋಗುತ್ತೆ. ಬಿಟ್ಟು ದೂರ ಸರಿಯಿರಿ. ಕ್ಲಚ್ ಲಿವರ್ ತುದಿ ಮುರಿಯಿತು, ಕ್ರ್ಯಾಶ್ ಗಾರ್ಡ್ ಇದ್ದಿದ್ದಕ್ಕೆ ಟ್ಯಾಂಕ್ ಉಳಿಯಿತು.

ಎತ್ತುವ ರೀತಿ ತೋರಿಸುತ್ತೇನೆ ನೋಡಿ. ಇಂಜಿನ್ ಆಫ್. ಗೇರ್‌ನಲ್ಲಿ ಇರಬೇಕು, ಇಲ್ಲದಿದ್ದರೆ ಎತ್ತುವಾಗ ಉರುಳುತ್ತೆ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಹೊರಗೆ ಚಾಚಿಡಿ. ಹ್ಯಾಂಡಲ್ ನೆಲದ ಕಡೆಗೆ ಪೂರ್ತಿ ತಿರುಗಿಸಿ. ಈಗ ಗಾಡಿಗೆ ಬೆನ್ನು ಕೊಟ್ಟು ಸೀಟಿನ ಅಂಚಿಗೆ ಸೊಂಟ ಆನಿಸಿ ಕುಕ್ಕರಗಾಲಲ್ಲಿ ಕೂರಿ. ಒಂದು ಕೈ ಗ್ರಿಪ್‌ಗೆ, ಇನ್ನೊಂದು ಹಿಂದಿನ ಗ್ರ್ಯಾಬ್ ರೈಲ್‌ಗೆ. ಬೆನ್ನು ನೆಟ್ಟಗೆ. ಎತ್ತುವುದು ತೊಡೆ, ತೋಳಲ್ಲ. ಸಣ್ಣ ಹೆಜ್ಜೆ ಹಿಂದಕ್ಕೆ ಇಡುತ್ತಾ ಬನ್ನಿ, ಗಾಡಿ ತಾನೇ ಏಳುತ್ತೆ. ನನ್ನ ಹೆಂಡತಿ 56 ಕೆಜಿ ಇದ್ದಾಳೆ, ಅವಳೂ ಕಲಿತಳು. ಈಗ ಕಾಣುತ್ತಿರುವವಳು ಅವಳೇ.

ಹೊಂಡದ ರಸ್ತೆ ಇನ್ನೊಂದು ಸಂಕಟ. ಇದು ಕ್ರೂಸರ್, ಅಂದರೆ ತಗ್ಗಿನ ಸೀಟಿನಲ್ಲಿ ನಿರಾಳವಾಗಿ ಕೂತು ಓಡಿಸುವ ಥರದ ಬೈಕ್, ಕಾಲು ಮುಂದಕ್ಕೆ ಚಾಚಿರುತ್ತೆ. ಗುಂಡಿ ಬಂದಾಗ ಫುಟ್‌ರೆಸ್ಟ್ ಮೇಲೆ ಎದ್ದು ನಿಲ್ಲುವುದು ಕಷ್ಟ. ಹಿಂದಿನ ಸಸ್ಪೆನ್ಷನ್ ಕುಗ್ಗುವುದು 101 ಮಿಲಿಮೀಟರ್ ಮಾತ್ರ. ಉಳಿದಿದ್ದು ಸೊಂಟಕ್ಕೆ. ನೆಲದಿಂದ ಹೊಟ್ಟೆಗೆ 135 ಮಿಲಿಮೀಟರ್, ಇಬ್ಬರು ಕೂತರೆ ಇನ್ನೂ ಕಮ್ಮಿ. ಹಳ್ಳಿಗಳಲ್ಲಿ ರಾತ್ರೋರಾತ್ರಿ ಏಳುವ ಹಂಪ್‌ಗಳಿಗೆ ಎರಡು ಸಲ ತಳ ಉಜ್ಜಿದೆ. ಈಗ ಹಂಪ್ ಕಂಡರೆ ಓರೆಯಾಗಿ ಹತ್ತಿಸುತ್ತೇನೆ.

ಖರ್ಚು. ಇದು ಬಂದಾಗ, 2023ರ ಜನವರಿಯಲ್ಲಿ, ಶುರುವಿನ ಎಕ್ಸ್‌ಶೋರೂಂ ಬೆಲೆ 3.49 ಲಕ್ಷ. ನಮ್ಮ ರಾಜ್ಯದಲ್ಲಿ ಈ ಬೆಲೆಯ ಬೈಕ್‌ಗೆ ಲೈಫ್‌ಟೈಮ್ ಟ್ಯಾಕ್ಸ್ 18 ಪರ್ಸೆಂಟ್, ಆನ್‌ರೋಡ್ ಲೆಕ್ಕ ಹಾಕುವಾಗ ಅದನ್ನು ಮರೆಯಬೇಡಿ. ಈಗ ತಗೊಳ್ಳುವವರು ಇನ್ನೊಂದು ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಒಳಗಿನ ಬೈಕ್‌ಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಅದರ ಮೇಲಿನವಕ್ಕೆ, ಸೆಸ್ ಸೇರಿ 31 ಇದ್ದದ್ದು 40 ಆಯಿತು. ಸಣ್ಣ ಗಾಡಿಗೂ ದೊಡ್ಡದಕ್ಕೂ ನಡುವಿನ ಕಂದಕ ಇದರಿಂದ ಅಗಲವಾಯಿತು. ಬರೀ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕೂಡ 350 ದಾಟಿದರೆ ವರ್ಷಕ್ಕೆ 2,804 ರೂಪಾಯಿ, ಅದರ ಕೆಳಗಿನ ಗುಂಪಿಗೆ 1,366.

ಟೈರ್ ವಿಷಯ ಜಾಸ್ತಿ ಎಳೆಯಲ್ಲ. ಅಲಾಯ್ ವೀಲ್, ಟ್ಯೂಬ್‌ಲೆಸ್. ಪಂಕ್ಚರ್ ಆದರೆ ಚಕ್ರ ಬಿಚ್ಚದೆ ಹತ್ತು ನಿಮಿಷದಲ್ಲಿ ಮುಗಿಯುತ್ತೆ. ಹಿಂದಿನ ಟೈರ್ ಸವೆದಾಗ ಮಾತ್ರ ಊರಿನ ಅಂಗಡಿಗಳಲ್ಲಿ ಆ ಸೈಜ್ ಇರಲಿಲ್ಲ, ತರಿಸಿಕೊಡಲು ಎಂಟು ದಿನ ತಗೊಂಡರು. ಮೇನ್ ಸ್ಟ್ಯಾಂಡ್ ಇಲ್ಲದ್ದರಿಂದ ಚೈನ್‌ಗೆ ಎಣ್ಣೆ ಹೊಡೆಯಲು ಇಬ್ಬರು ಬೇಕು. ನಾನು ಗೇಣು ಗೇಣು ಮುಂದೆ ತಳ್ಳುತ್ತೇನೆ, ಮಗಳು ಸ್ಪ್ರೇ ಹಿಡಿದು ಕೂತಿರುತ್ತಾಳೆ. ‘ಅಪ್ಪಾ, ಸಾಕು, ಇನ್ನೊಂಚೂರು’ ಅಂತ ಅವಳದೇ ಆರ್ಡರ್.

ಬೇಜಾರಿನ ಒಂದು ವಿಷಯವಿದೆ. ಇಂಥ ಗಾಡಿ ಇರುವುದೇ ಹೈವೇಗೆ. ಆದರೆ 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ ಬೈಕ್‌ಗಳಿಗೆ ಪ್ರವೇಶ ಇಲ್ಲ. ಮೈಸೂರಿನ ಅಕ್ಕನ ಮನೆಗೆ ಹೋಗುವಾಗ ಸರ್ವಿಸ್ ರಸ್ತೆಯೇ ಗತಿ. ಅಲ್ಲಿ ಆದ ಅಪಘಾತಗಳಿಂದಲೇ ಈ ನಿಯಮ ಬಂದದ್ದು, ಅದನ್ನು ಒಪ್ಪುತ್ತೇನೆ. ಹಾಗಿದ್ದರೂ ಮನಸ್ಸಿಗೆ ಕಷ್ಟ ಆಗುತ್ತೆ.

ಈಗ ನನಗೆ ತುಂಬಾ ಬೇಕಾದ ತುಣುಕು. 2025ರ ಜನವರಿ. ಹಿರಿಯೂರಿನ ಹತ್ತಿರದ ಮಾರಿಕಣಿವೆ ಅಣೆಕಟ್ಟು ಕೋಡಿ ಬಿದ್ದಿತ್ತು. 1933ರಲ್ಲಿ ಒಮ್ಮೆ, ಆಮೇಲೆ 2022ರಲ್ಲಿ, ಅದಾದ ಮೇಲೆ ಇದು. 2022ರಲ್ಲಿ ಅಪ್ಪನಿಗೆ ಮಂಡಿ ಆಪರೇಷನ್ ಆಗಿತ್ತು, ನೋಡೋಕೆ ಆಗಿರಲಿಲ್ಲ. ಈ ಸಲ ‘ಕಾರು ಬೇಡ, ಇದರಲ್ಲೇ ಹೋಗೋಣ’ ಅಂದರು. ಅಪ್ಪ ಹರೆಯದಲ್ಲಿ ಯೆಜ್ಡಿ ಓಡಿಸಿದವರು, ಮೈಸೂರಿನಲ್ಲೇ ತಯಾರಾದ ಗಾಡಿ. ಹಿಂದಿನ ಸೀಟಿಗೆ ಬ್ಯಾಕ್‌ರೆಸ್ಟ್ ಹಾಕಿಸಿದೆ. ನೂರಿಪ್ಪತ್ತು ಕಿಲೋಮೀಟರ್ ಹತ್ತಿರ, ಮೂರು ಕಡೆ ನಿಲ್ಲಿಸಿದೆ. ದುರ್ಗ ದಾಟಿದ ಮೇಲೆ ಭುಜದ ಮೇಲಿದ್ದ ಅವರ ಕೈ ಸಡಿಲವಾಯಿತು. ನಿದ್ದೆ ಬಂತೇನೋ ಅಂತ ಗಾಬರಿಯಾಗಿ ಕನ್ನಡಿಯಲ್ಲಿ ನೋಡಿದೆ. ಕೈ ಕಟ್ಟಿಕೊಂಡು, ಬ್ಯಾಕ್‌ರೆಸ್ಟ್‌ಗೆ ಒರಗಿ, ಗಾಳಿಯಂತ್ರ ನೋಡುತ್ತಾ ಕೂತಿದ್ದರು. ಹಗುರ ಗಾಡಿಯಲ್ಲಿ ಅಪ್ಪ ಹಾಗೆ ಕೈ ಬಿಟ್ಟು ಕೂರುತ್ತಿರಲಿಲ್ಲ.

ತಗೊಳ್ಳಲಾ ಅಂತ ಕೇಳುವವರಿಗೆ ನನ್ನ ಉತ್ತರ ಇದು. ದಿನಾ ಆಫೀಸು, ಮಾರ್ಕೆಟ್ಟು ಅಷ್ಟೇ ಆದರೆ ಬೇಡ. ತಿಂಗಳಿಗೆ ಎರಡು ಸಲವಾದರೂ ಊರು ದಾಟಿ ನೂರು ಕಿಲೋಮೀಟರ್ ಹೋಗುವವರಾದರೆ ಧೈರ್ಯವಾಗಿ ತಗೊಳ್ಳಿ. ಟೆಸ್ಟ್ ರೈಡ್ ಒಂದೇ ಸಾಲದು. ಇಂಜಿನ್ ಆಫ್ ಮಾಡಿ ಇಪ್ಪತ್ತು ಹೆಜ್ಜೆ ಹಿಂದಕ್ಕೆ ತಳ್ಳಿ ನೋಡಿ, ಸಾಧ್ಯವಾದರೆ ನಿಮ್ಮ ಮನೆ ಗೇಟಿನಲ್ಲೇ. ನಾನು ಮೇಸ್ತ್ರಿಯನ್ನು ಕರೆಸಿ ಆ ಏರನ್ನು ಒಡೆಸಿ ಇಳಿಜಾರು ಮಾಡಿಸಿದೆ, 1,800 ರೂಪಾಯಿ ಆಯಿತು. ಈ ಗಾಡಿಗೆ ಹಾಕಿದ ದುಡ್ಡಿನಲ್ಲಿ ಅಷ್ಟು ಸಾರ್ಥಕವಾದದ್ದು ಇನ್ನೊಂದಿಲ್ಲ.

ಭಾನುವಾರ ಹಂಪಿ ಕಡೆ ಹೊರಟಿದ್ದೇವೆ. ಅಪ್ಪ ಆಗಲೇ ಜರ್ಕಿನ್ ಬಿಸಿಲಿಗೆ ಹಾಕಿದ್ದಾರೆ.