ಒಂದು ಚೊಂಬು ನೀರು

ಕೇಳುಗರಿಗೆಲ್ಲ ನಮಸ್ಕಾರ.

ಹಳೇ ಕಿಟಕಿ ತೆಗೆಸಿ ಹೊಸದು ಹಾಕಿಸುವವರಿಗೆ ನಾಲ್ಕು ಮಾತು ಹೇಳಿ ಅಂತ ನನ್ನನ್ನು ಕರೆದಿದ್ದಾರೆ. ನಾಲ್ಕು ಹೇಳಿದರೆ ನಾಲ್ಕೂ ಮರೆತುಹೋಗುತ್ತವೆ. ಆದ್ದರಿಂದ ನಾನು ಒಂದೇ ಹೇಳುತ್ತೇನೆ. ಅಂಗಡಿಗೆ ಹೋದಾಗ ಗಾಜು ಎಷ್ಟು ದಪ್ಪ, ಬಣ್ಣ ಯಾವುದಿದೆ, ಚದರಡಿಗೆ ಎಷ್ಟು ಅಂತ ಕೇಳುವ ಮುಂಚೆ ಇದನ್ನು ಕೇಳಿ: "ಕಿಟಕಿಗೆ ಬಿದ್ದ ಮಳೆನೀರು ಎಲ್ಲಿಂದ ಹೊರಗೆ ಹೋಗುತ್ತದೆ?"

ಕೈಯಲ್ಲಿ ಮುಟ್ಟಿ ತೋರಿಸಿದರೆ ಕೂತು ಮಾತಾಡಿ. "ನೀರು ಬರೋದೇ ಇಲ್ಲ ಸಾರ್, ಪೂರ್ತಿ ಸೀಲ್" ಅಂದರೆ ಎದ್ದು ಬನ್ನಿ. ಅವರು ಕೊಟ್ಟ ಜ್ಯೂಸ್ ಅರ್ಧ ಕುಡಿದಿದ್ದರೂ ಪರವಾಗಿಲ್ಲ, ಎದ್ದು ಬನ್ನಿ.

ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ ಅಂದರೆ, ನಾವಿರುವುದು ಕರಾವಳಿಯಲ್ಲಿ. ಉಡುಪಿ ಕಡೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಬೆಂಗಳೂರಿನಲ್ಲಿ ಬೀಳುವುದು ಅದರ ಕಾಲು ಭಾಗ. ಅಷ್ಟೂ ಮಳೆ ನೆಟ್ಟಗೆ ಬಿದ್ದಿದ್ದರೆ ನಾನು ಇಲ್ಲಿಗೆ ಬರಬೇಕಾಗಿರಲಿಲ್ಲ. ಅದು ಅಡ್ಡಕ್ಕೆ ಬೀಳುತ್ತದೆ. ಪಡುಗಾಳಿ ಬೀಸಿದರೆ ಮಳೆ ಮಲಗಿಕೊಂಡೇ ಬಂದು ಗೋಡೆಗೆ ಹೊಡೆಯುತ್ತದೆ, ಅಲ್ವಾ?

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಊರೂರಿಗೆ ಹೆಂಚಿನ ಮಾಡು ಬಂತು. ಆ ಮಾಡು ಗೋಡೆಯಿಂದ ಮೂರು ಅಡಿ ಮುಂದೆ ಬಂದು ತಗ್ಗಿ ನಿಲ್ಲುತ್ತಿತ್ತು. ಅದೂ ಸಾಲದು ಅಂತ ಮಳೆಗಾಲಕ್ಕೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಪಾಪ, ಆ ಕಾಲದ ಕಿಟಕಿ ಮಳೆಯ ಮುಖವನ್ನೇ ನೋಡಿರಲಿಲ್ಲ. ಈಗ ನಾವು ತಾರಸಿ ಮನೆ ಕಟ್ಟಿಕೊಂಡಿದ್ದೇವೆ. ಕಿಟಕಿಯ ಮೇಲೆ ಒಂದೂವರೆ ಅಡಿ ಸಜ್ಜಾ. ಪಡುಗಾಳಿಗೆ ಅದು ಯಾವ ಲೆಕ್ಕ?

ಈಗ ನನ್ನ ಕಣ್ಣ ಮುಂದೆ ಒಬ್ಬ ಯಜಮಾನರು ಕೂತಿದ್ದಾರೆ. ಮಗ ದುಬೈಯಿಂದ ದುಡ್ಡು ಕಳಿಸಿದ್ದಾನೆ, ಮಳೆಗಾಲದೊಳಗೆ ಕಿಟಕಿ ಬದಲಾಯಿಸಿ ಅಂದಿದ್ದಾನೆ. ಟೀಪಾಯಿಯ ಮೇಲೆ ಮೂರು ಕಂಪನಿಯ ಪುಸ್ತಕ, ಮೂರರಲ್ಲೂ ಜರ್ಮನ್ ತಂತ್ರಜ್ಞಾನ ಅಂತ ಬರೆದಿದೆ. ಯಜಮಾನರೇ, ಪುಸ್ತಕ ಮುಚ್ಚಿಡಿ. ನಾನು ಕೇಳುವುದಕ್ಕೆ ಉತ್ತರ ಕೊಡಿ. ನೀರು ಎಲ್ಲಿಂದ ಹೊರಗೆ ಹೋಗುತ್ತದೆ?

ಜಾರಿಸುವ ಕಿಟಕಿ, ಅಂದರೆ ಸ್ಲೈಡಿಂಗ್ ಕಿಟಕಿ ತೆಗೆದುಕೊಳ್ಳಿ. ಅದರ ಕೆಳಗಿನ ಹಳಿ ಒಂದು ಸಣ್ಣ ಚರಂಡಿ ಇದ್ದ ಹಾಗೆ. ಗಾಜಿಗೆ ಬಡಿದ ಮಳೆ ಇಳಿದು ಹಳಿಯೊಳಗೆ ನಿಂತೇ ನಿಲ್ಲುತ್ತದೆ. ಅದು ಕಿಟಕಿಯ ತಪ್ಪಲ್ಲ, ಅದು ಇರುವುದೇ ಹಾಗೆ. ಒಳ್ಳೆ ಕಿಟಕಿಯಲ್ಲಿ ಆ ಹಳಿಯ ತಳಕ್ಕೆ ಬೆಂಕಿಕಡ್ಡಿ ಹಿಡಿಸುವಷ್ಟು ಉದ್ದುದ್ದ ತೂತು ಇರುತ್ತದೆ. ನೀರು ಅದರಲ್ಲಿ ಇಳಿದು, ಚೌಕಟ್ಟಿನೊಳಗಿನ ಸಣ್ಣ ಕೋಣೆಗೆ ಹೋಗಿ, ಹೊರಮೈಯಲ್ಲಿ ಇನ್ನೊಂದು ತೂತಿನಿಂದ ಆಚೆ ಬೀಳುತ್ತದೆ. ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಕಿಟಕಿಯ ಹೊಟ್ಟೆಯಲ್ಲಿ ಗಟ್ಟಿತನಕ್ಕೆ ಅಂತ ಉಕ್ಕಿನ ಪಟ್ಟಿ ಇಟ್ಟಿರುತ್ತಾರೆ. ನೀರಿನ ಕೋಣೆ ಬೇರೆ, ಉಕ್ಕಿನ ಕೋಣೆ ಬೇರೆ ಇರಬೇಕು. ಅಂಗಡಿಯಲ್ಲಿ ಕತ್ತರಿಸಿದ ತುಂಡು ಇಟ್ಟಿರುತ್ತಾರೆ, ಕೈಗೆ ತೆಗೆದುಕೊಂಡು ನೋಡಿ.

ಇದೆಲ್ಲ ನನಗೆ ಪುಸ್ತಕದಲ್ಲಿ ಗೊತ್ತಿತ್ತು. ನಿಜವಾಗಿ ಕಲಿತದ್ದು ಅಮ್ಮನ ಮನೆಯಲ್ಲಿ.

ಕುಂದಾಪುರದ ಹತ್ತಿರ ನಮ್ಮ ಮನೆ. ಅಪ್ಪ ಕಟ್ಟಿಸಿದ್ದು. ಹಲಸಿನ ಮರದ ಕಿಟಕಿ. ಮಳೆಗಾಲದಲ್ಲಿ ಮರ ಉಬ್ಬಿಕೊಳ್ಳುತ್ತಿತ್ತು. ಜೂನ್‌ನಲ್ಲಿ ಮುಚ್ಚಿದರೆ ತೆರೆಯುವುದು ನವರಾತ್ರಿಗೆ. ಕೆಳಗಿನ ಪಟ್ಟಿಗೆ ಗೆದ್ದಲು ಬೇರೆ. ನಾನು ಇಂಜಿನಿಯರು ನೋಡಿ, ಅಮ್ಮ ಬೇಡ ಬೇಡ ಅಂದರೂ ಎಲ್ಲ ಕೀಳಿಸಿ ಬಿಳಿ ಯುಪಿವಿಸಿ ಹಾಕಿಸಿದೆ. ಎರಡು ಗಾಜು, ಒಂದು ಸೊಳ್ಳೆ ಜಾಲರಿ, ಮೂರು ಹಳಿ. ಬೆರಳಲ್ಲಿ ತಳ್ಳಿದರೆ ಜಾರುತ್ತಿತ್ತು. ಆಮೇಲೆ ಪೇಂಟಿಂಗ್ ಆಯಿತು. ಬಂದವರೆಲ್ಲ ಚೆಂದ ಅಂದರು. ಅಮ್ಮ ಮಾತ್ರ ಏನೂ ಅನ್ನಲಿಲ್ಲ.

ಮೃಗಶಿರ ಮಳೆ ಹಿಡಿದ ಮೊದಲನೇ ರಾತ್ರಿ ಎರಡು ಗಂಟೆಗೆ ಫೋನ್ ಬಂತು. "ನಿನ್ನ ಇಂಜಿನಿಯರಿಂಗು ನನ್ನ ಹಾಸಿಗೆ ಮೇಲೆ ಸುರೀತಾ ಇದೆ. ಬಂದ್ ಕಾಣ್."

ಹೋಗಿ ನೋಡಿದರೆ ಹಳಿ ತುಂಬಿ, ನೀರು ಒಳಗೋಡೆಯ ಮೇಲೆ ಸಾಲಾಗಿ ಇಳಿಯುತ್ತಿದೆ. ಕೆಳಗೆ ಅಮ್ಮ ಇಟ್ಟ ಪಾತ್ರೆ, ಬಕೆಟ್ಟು, ಇಡ್ಲಿ ಅಟ್ಟ. ಕಿಟಕಿ ಹಾಕಿದವರಿಗೆ ಹೇಳಿದೆ. ಒಬ್ಬ ಹುಡುಗ ಸಿಲಿಕೋನ್ ಗನ್ ಹಿಡಿದುಕೊಂಡು ಬಂದ. ಹೊರಗಿನಿಂದ ಸುತ್ತಲೂ ಬಳಿದು ಹೋದ. ಮರುದಿನ ನೀರು ಇನ್ನೂ ಜಾಸ್ತಿ. ಮತ್ತೆ ಬಂದ, ಮತ್ತೆ ಬಳಿದ. ಮೂರನೇ ಸಲ ಬಂದಾಗ ಅಮ್ಮ ಅವನಿಗೆ ಕೂರು ಅಂತಲೂ ಹೇಳಲಿಲ್ಲ. ನಾನು ಗೋಡೆ ಬಿರುಕು ಬಿಟ್ಟಿದೆಯೋ ಅಂತ ನೋಡಿದೆ. ಸಜ್ಜಾ ನೋಡಿದೆ. ತಾರಸಿ ಹತ್ತಿದೆ. ಕಾಗದದ ಮೇಲೆ ಲೆಕ್ಕ ಹಾಕಿದೆ.

ಹೀಗಿರುವಾಗ ಬಾವಿಕಟ್ಟೆ ರಿಪೇರಿಗೆ ಅಂತ ಅಪ್ಪನ ಕಾಲದ ಮೇಸ್ತ್ರಿ ಬಂದರು. ಕಿಟಕಿಯನ್ನು ಸುಮ್ನೆ ನೋಡಿದರು. "ಒಂದು ಚೊಂಬು ನೀರು ಕೊಡಿ" ಅಂದರು. ಕುಡಿಯುವುದಕ್ಕೆ ಅಂತ ಅಮ್ಮ ಬೆಲ್ಲವನ್ನೂ ತಂದಿಟ್ಟರು. ಅವರು ಬೆಲ್ಲ ಬಾಯಿಗೆ ಹಾಕಿಕೊಂಡು ನೀರನ್ನು ಹಳಿಗೆ ಸುರಿದರು. ಸುರಿದು ನೋಡುತ್ತ ನಿಂತರು. ನೀರು ಕದಲಲಿಲ್ಲ. ಕೆರೆಯ ಹಾಗೆ ನಿಂತಿತು.

ಮೇಸ್ತ್ರಿ ಹೊರಗೆ ಹೋದರು. ಜಗಲಿಯಲ್ಲಿ ಮುರಿದ ಕೊಡೆ ಒಂದು ಬಿದ್ದಿತ್ತು, ಅದರ ಕಡ್ಡಿ ಮುರಿದುಕೊಂಡು ಕಿಟಕಿಯ ಕೆಳಭಾಗವನ್ನು ಕೆದಕಿದರು. ಬಿಳೀ ಪುಟ್ಟಿಯ ಚೂರು ಉದುರಿತು. ಇನ್ನೊಂದು ಸಲ ತಿವಿದರು. ಕಾರಂಜಿಯ ಹಾಗೆ ನೀರು ಚಿಮ್ಮಿ ಅವರ ಲುಂಗಿ ಒದ್ದೆಯಾಯಿತು.

ಆಗಿದ್ದು ಇಷ್ಟೇ. ಪೇಂಟರ್ ಹುಡುಗ ಕಿಟಕಿಯ ಹೊರಗಡೆ ತೂತು ಕಂಡ. ಬಿಳಿ ಕಿಟಕಿಯಲ್ಲಿ ತೂತು ಇದ್ದರೆ ಚೆಂದವಲ್ಲ ಅಂತ ಪುಟ್ಟಿ ತುಂಬಿ ನಯಮಾಡಿದ. ತೂತು ಕಂಡಲ್ಲಿ ಮುಚ್ಚುವುದು ಅವನ ಕೆಲಸ, ಅವನನ್ನು ಏನನ್ನಲಿ? ಉಳಿದ ಸಂದುಗೊಂದನ್ನೂ ಸಿಲಿಕೋನ್ ಹುಡುಗ ಮುಚ್ಚಿದ. ಇಪ್ಪತ್ತಾರು ವರ್ಷ ಮನೆ ಕಟ್ಟಿಸಿದ ನಾನು ತಾರಸಿ ಹತ್ತಿ ಆಕಾಶ ನೋಡುತ್ತಿದ್ದೆ. ಅವತ್ತು ಅಮ್ಮ ಮೇಸ್ತ್ರಿಗೆ ಎರಡು ಸಲ ಕಾಫಿ ಕೊಟ್ಟರು. ನನಗೆ ಒಂದೇ.

ಅದಕ್ಕೇ ಹೇಳುತ್ತೇನೆ, ಕೊನೆಯ ಕಂತಿನ ದುಡ್ಡು ಕೊಡುವ ಮುಂಚೆ ಪ್ರತಿ ಕಿಟಕಿಯ ಹಳಿಗೂ ಒಂದು ಚೊಂಬು ನೀರು ಸುರಿಯಿರಿ. ಪೇಂಟಿಂಗ್ ಆದ ಮೇಲೆ ಇನ್ನೊಮ್ಮೆ ಸುರಿಯಿರಿ. ನೀರು ಹೊರಗೆ ಹೋಗುವುದನ್ನು ಕಣ್ಣಾರೆ ನೋಡಿ. ಕಿಟಕಿ ಹಾಕಿದವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಹಾಸಿಗೆ ನಿಮ್ಮದು.

ನನಗೆ ಕೊಟ್ಟಿದ್ದು ಹತ್ತು ನಿಮಿಷ, ಅರ್ಧ ಅಮ್ಮನ ಹಾಸಿಗೆಗೇ ಹೋಯಿತು. ಉಳಿದದ್ದನ್ನು ಬೇಗ ಬೇಗ ಹೇಳಿಬಿಡುತ್ತೇನೆ.

ಮರವೋ, ಅಲ್ಯೂಮಿನಿಯಮ್ಮೋ, ಯುಪಿವಿಸಿಯೋ ಅಂತ ಎಲ್ಲರೂ ಕೇಳುತ್ತಾರೆ. ನಿಮ್ಮದು ತೇಗದ ಕಿಟಕಿಯಾಗಿದ್ದು ಮರ ಗಟ್ಟಿ ಇದ್ದರೆ ದಯವಿಟ್ಟು ಕೀಳಬೇಡಿ. ಒಳ್ಳೆ ಆಚಾರಿಯನ್ನು ಕರೆಸಿ ರಿಪೇರಿ ಮಾಡಿಸಿ. ಅಂಥ ಮರ ಈಗ ಎಲ್ಲಿ ಸಿಗುತ್ತದೆ? ಅದು ಹಾಳಾಗಿದ್ದರೆ ಯುಪಿವಿಸಿ ಹಾಕಿ. ಅದಕ್ಕೆ ಗೆದ್ದಲಿಲ್ಲ, ಉಬ್ಬುವುದಿಲ್ಲ, ಉಪ್ಪುಗಾಳಿಗೆ ಜಗ್ಗುವುದಿಲ್ಲ. ಬಿಳಿಯೇ ಸಾಕು, ಗಾಢ ಬಣ್ಣ ಬಿಸಿಲಿಗೆ ಕಾಯುತ್ತದೆ. ಸಮುದ್ರದ ಸದ್ದು ಕೇಳುವಷ್ಟು ಹತ್ತಿರ ಮನೆಯಿದ್ದರೆ ಸ್ಕ್ರೂ, ಕೀಲು ಎಲ್ಲ 316 ನಂಬರಿನ ಸ್ಟೇನ್‌ಲೆಸ್ ಸ್ಟೀಲೇ ಬೇಕು ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಆಯಸ್ಕಾಂತ ಜೇಬಲ್ಲಿ ಇಟ್ಟುಕೊಂಡು ಹೋಗಿ. ಬಿಡಿ ಸ್ಕ್ರೂಗೆ ಅದು ಗಪ್ಪಂತ ಅಂಟಿದರೆ ಅದು ಬೇಡ.

ಗಾಜು ಟಫನ್ಡ್ ಇರಲಿ. ಒಡೆದರೆ ಕಲ್ಲುಸಕ್ಕರೆಯ ಹಾಗೆ ಪುಡಿಯಾಗುತ್ತದೆ, ಚೂರಿಯ ಹಾಗೆ ಸೀಳುವುದಿಲ್ಲ. ಮೂಲೆಯಲ್ಲಿ ಅಚ್ಚೊತ್ತಿದ ಗುರುತು ಇದೆಯೇ ನೋಡಿ. ಒಮ್ಮೆ ತಯಾರಾದ ಮೇಲೆ ಆ ಗಾಜನ್ನು ಕತ್ತರಿಸಲು ಬರುವುದಿಲ್ಲ. ಹಾಗಾಗಿ ಅಗಲ ಮೂರು ಕಡೆ, ಎತ್ತರ ಮೂರು ಕಡೆ ಅಳೆಸಿ, ಕಡಿಮೆ ಬಂದ ಅಳತೆಯನ್ನೇ ಕೊಡಿ. ಇನ್ನು ಡಬಲ್ ಗಾಜು, ಅಂದರೆ ನಡುವೆ ಸಂದು ಬಿಟ್ಟು ಜೋಡಿಸಿದ ಎರಡು ಪದರದ ಗಾಜು. ಹಗಲೆಲ್ಲ ಕಿಟಕಿ ತೆರೆದಿಟ್ಟು ಗಾಳಿಗೆ ಕೂರುವವರು ನಾವು. ಎಸಿ ಇಲ್ಲದ ಕೋಣೆಗೆ ಡಬಲ್ ಗಾಜು ಯಾಕೆ ಸ್ವಾಮೀ?

ಪಡುದಿಕ್ಕಿಗೆ ಜಾರಿಸುವ ಕಿಟಕಿ ಬೇಡ, ಬಾಗಿಲಿನ ಹಾಗೆ ತೆರೆಯುವಂಥದ್ದು ಹಾಕಿ. ಮುಚ್ಚಿದಾಗ ರಬ್ಬರು ಒತ್ತಿ ಕೂರುತ್ತದೆ. ಗಾಳಿಯೂ ಪೂರ್ತಿ ಬರುತ್ತದೆ. ಜಾರಿಸುವ ಕಿಟಕಿಯಲ್ಲಿ ನಾಲ್ಕು ಅಡಿಗೆ ದುಡ್ಡು ಕೊಟ್ಟು ಎರಡು ಅಡಿ ಗಾಳಿ ತೆಗೆದುಕೊಳ್ಳುತ್ತೀರಿ.

ಕೂರಿಸುವಾಗ ಹತ್ತಿರವೇ ನಿಂತಿರಿ. ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿಗೆ ನೊರೆ, ಅಂದರೆ ಫೋಮ್ ತುಂಬಿ ಹಾಗೇ ಬಿಟ್ಟು ಹೋಗುತ್ತಾರೆ. ಅದರ ಮೇಲೆ ಸಿಲಿಕೋನ್ ಬೀಳಲೇಬೇಕು. ಸಿಲಿಕೋನ್ ಗೋಡೆಯ ಸಂದಿಗೆ, ನೀರಿನ ತೂತಿಗಲ್ಲ. ಕೆಳಗಿನ ಕಲ್ಲು ಹೊರಗಡೆಗೆ ವಾಟ ಇರಬೇಕು. ಮಕ್ಕಳ ಗೋಲಿ ಒಂದನ್ನು ಅದರ ಮೇಲಿಡಿ. ಅಂಗಳಕ್ಕೆ ಉರುಳಿದರೆ ಸರಿ. ಕೋಣೆಯ ಕಡೆ ಉರುಳಿದರೆ ನೀರೂ ಅದೇ ದಾರಿ ಹಿಡಿಯುತ್ತದೆ.

ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ಹೊತ್ತಿಗೆ ಮಳೆ ಹಿಡಿಯುವ ಮುಂಚೆ, ಕೆಲಸ ಮುಗಿಯಬೇಕಾದರೆ ಅಳತೆ ಈಗಲೇ ತೆಗೆಸಿ.

ಅಮ್ಮ ಈಗ ಪ್ರತಿ ವರ್ಷ ಅಟ್ಟದಿಂದ ಕೊಡೆ ಇಳಿಸುವ ದಿನವೇ ಎಲ್ಲ ಕಿಟಕಿಗೂ ಒಂದೊಂದು ಚೊಂಬು ನೀರು ಹೊಯ್ಯುತ್ತಾರೆ. ಮೇಸ್ತ್ರಿ ಮುರಿದ ಆ ಕೊಡೆ ಕಡ್ಡಿ ಕಿಟಕಿಯ ಪಕ್ಕ ಮೊಳೆಗೆ ನೇತಾಡುತ್ತಿದೆ. ಅದನ್ನು ಯಾರೂ ಮುಟ್ಟುವ ಹಾಗಿಲ್ಲ, ನಾನಂತೂ ಇಲ್ಲವೇ ಇಲ್ಲ.

ನಮಸ್ಕಾರ.