ಮೂರಕ್ಷರದ ಸಮರ

(2025ರ ಸಂವಿಧಾನ ದಿನದಂದು ಮೈಸೂರಿನಲ್ಲಿ ಕಾನೂನು ವಿದ್ಯಾರ್ಥಿಗಳಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ)

ಅಧ್ಯಕ್ಷರೇ, ಮುಂದಿನ ಸಾಲಿನ ವಕೀಲ ಮಿತ್ರರೇ, ಬಾಗಿಲ ಹತ್ತಿರ ಜಾಗ ನೋಡಿಕೊಂಡು ಕೂತಿರುವ ವಿದ್ಯಾರ್ಥಿಗಳೇ,

ಇವತ್ತು ನವೆಂಬರ್ 26. 1949ರಲ್ಲಿ ಇದೇ ದಿನ ನಾವು ಸಂವಿಧಾನವನ್ನು ಅಂಗೀಕರಿಸಿದೆವು. 2008ರಲ್ಲಿ ಇದೇ ದಿನ ಹತ್ತು ಜನ ಸಮುದ್ರದ ದಾರಿಯಲ್ಲಿ ಮುಂಬೈಗೆ ಬಂದು 166 ಜನರನ್ನು ಕೊಂದರು. ಎರಡನ್ನೂ ಸೇರಿಸಿ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಆಹ್ವಾನ ಪತ್ರಿಕೆಯಲ್ಲಿ ವಿಷಯ 'ಭಯೋತ್ಪಾದನೆ ವಿರುದ್ಧದ ಸಮರ ಮತ್ತು ಸಂವಿಧಾನ' ಅಂತ ಅಚ್ಚಾಗಿದೆ. ಫೋನಿನಲ್ಲಿ ನಾನು ಹೇಳಿದ್ದು 'ಭಯೋತ್ಪಾದನೆ ತಡೆ ಮತ್ತು ಸಂವಿಧಾನ' ಅಂತ. ಯಾರೋ ಪುಣ್ಯಾತ್ಮರು 'ತಡೆ' ತೆಗೆದು 'ಸಮರ' ಕೂರಿಸಿದ್ದಾರೆ. ನಾನು ಬೈಯುವುದಿಲ್ಲ. ಮೂವತ್ತೊಂದು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ನಾನೂ ಅದೇ ಕೆಲಸ ಮಾಡಿದವನು.

ಸಮರ ಮೂರೇ ಅಕ್ಷರ. ಒತ್ತಕ್ಷರ ಇಲ್ಲ, ಕೊಂಬಿಲ್ಲ, ಎಷ್ಟು ಸಣ್ಣ ಕಾಲಂ ಆದರೂ ಕೂರುತ್ತದೆ. 'ಸೊಳ್ಳೆ ವಿರುದ್ಧ ಪಾಲಿಕೆ ಸಮರ.' 'ಪ್ಲಾಸ್ಟಿಕ್ ವಿರುದ್ಧ ಸಮರ.' ಒಮ್ಮೆ 'ಕಾಂಗ್ರೆಸ್ ಗಿಡದ ವಿರುದ್ಧ ಸಮರ' ಅಂತ ಹಾಕಿದ್ದೆ. ಗಿಡ ಅನ್ನೋದನ್ನು ಎರಡನೇ ಸಾಲಿಗೆ ತಳ್ಳಿದ್ದರಿಂದ ಎಷ್ಟೋ ಜನ ಅದನ್ನು ರಾಜಕೀಯ ಸುದ್ದಿ ಅಂದುಕೊಂಡು ಓದಿದರು. ಸೊಳ್ಳೆಗೂ ಸಮರ, ಉಗ್ರರಿಗೂ ಸಮರ. ಸೊಳ್ಳೆ ಇವತ್ತಿಗೂ ಇದೆ, ಆ ಮಾತು ಬೇರೆ.

ಆ ರಾತ್ರಿಯ ಕಥೆ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಅಧ್ಯಕ್ಷರು ಕ್ಷಮಿಸಬೇಕು.

ಒಂಬತ್ತೂವರೆ ದಾಟಿತ್ತು. ಜಿಲ್ಲಾ ಆವೃತ್ತಿಯ ಮುಖಪುಟ ಮುಗಿದಿತ್ತು. ಟಿವಿಯಲ್ಲಿ ಮೊದಲು ಬಂದದ್ದು ಕೊಲಾಬಾದಲ್ಲಿ ಗುಂಡಿನ ಸದ್ದು, ಗ್ಯಾಂಗ್ ವಾರ್ ಇರಬಹುದು ಅಂತ. ಮೂಲೆಯಲ್ಲಿ ಒಂದು ಕಾಲಂ ಜಾಗ ಮಾಡಿದೆ. ಹತ್ತೂವರೆಗೆ ಅದು ಎರಡು ಕಾಲಂ ಆಯಿತು. ಹನ್ನೊಂದಕ್ಕೆ ನಾಲ್ಕು. ರೈಲ್ವೆ ನಿಲ್ದಾಣ, ತಾಜ್ ಹೋಟೆಲ್, ಟ್ರೈಡೆಂಟ್, ಕಾಮಾ ಆಸ್ಪತ್ರೆ, ಒಂದರ ಹಿಂದೆ ಒಂದು ಹೆಸರು ಬರುತ್ತಿತ್ತು. ಹನ್ನೆರಡರ ಹೊತ್ತಿಗೆ ಪುಟವನ್ನೇ ಒಡೆದು ಹಾಕಿದೆವು. ಸಿಟಿ ಆವೃತ್ತಿಗೆ ಎಂಟು ಕಾಲಂ ಹೆಡ್ಡಿಂಗ್ ಬೇಕಿತ್ತು. ನಾನು ಬರೆದೆ: 'ಮುಂಬೈ ಮೇಲೆ ಯುದ್ಧ.'

ನಮ್ಮಲ್ಲಿ ಕರಡು ತಿದ್ದುವ ರಾಯರೊಬ್ಬರಿದ್ದರು. ಉಡುಪಿ ಕಡೆಯವರು. ನಿವೃತ್ತಿ ಆದ ಮೇಲೂ ರಾತ್ರಿ ಪಾಳಿಗೆ ಬರುತ್ತಿದ್ದರು, ಮನೆಯಲ್ಲಿ ನಿದ್ದೆ ಬರುವುದಿಲ್ಲ ಅಂತ. ದಾರ ಕಟ್ಟಿದ ಕನ್ನಡಕ, ಕೆಂಪು ಪೆನ್ನು. ಆ ಗಲಾಟೆಯಲ್ಲಿ ಪುಟದ ಪ್ರಿಂಟು ಹಿಡಿದುಕೊಂಡು ನನ್ನ ಮೇಜಿಗೆ ಬಂದರು.

"ಯುದ್ಧ ಯಾರ ಜೊತೆ ಮಾರಾಯ?"

"ರಾಯರೇ, ಟೈಮಿಲ್ಲ. ಪುಟ ಬಿಡಬೇಕು."

"ಬಿಡು. ಆದ್ರೆ ಹೇಳು. ಯಕ್ಷಗಾನದ ಆಟದಲ್ಲಿ ಸಹ ಯುದ್ಧಕ್ಕೆ ಮೊದಲು ಒಡ್ಡೋಲಗ ಉಂಟು. ಇವ ಯಾರು, ಯಾವ ದೇಶದ ರಾಜ, ಎಂಥದಕ್ಕೆ ಬಂದ, ಎಲ್ಲ ಹೇಳಿ ಆದ ಮೇಲೆ ಯುದ್ಧ. ರಾಕ್ಷಸನಿಗಾದರೂ ಒಂದು ರಾಜ್ಯ ಉಂಟು. ರೈಲ್ವೆ ಸ್ಟೇಷನ್ನಿನಲ್ಲಿ ಹೆಂಗಸರು ಮಕ್ಕಳ ಮೇಲೆ ಗುಂಡು ಹೊಡೆದವನಿಗೆ ನೀನು ಒಡ್ಡೋಲಗ ಕೊಡ್ತಿದ್ದೀಯಲ್ಲ?"

ನಾನು ಏನೋ ಗೊಣಗಿದೆ. ಹೆಡ್ಡಿಂಗ್ ಹಾಗೇ ಹೋಯಿತು. ಬೆಳಿಗ್ಗೆ ನೋಡಿದರೆ ಬೇರೆ ಪತ್ರಿಕೆಗಳಲ್ಲೂ ಯುದ್ಧ, ಟಿವಿಯಲ್ಲೂ ಯುದ್ಧ. ನನಗೆ ಸಮಾಧಾನವೇ ಆಯಿತು. ಎಲ್ಲರೂ ಬರೆದ ಮೇಲೆ ಸರಿಯೇ ಇರಬೇಕು ಅನ್ನೋದು ನಮ್ಮ ವೃತ್ತಿಯ ಹಳೇ ನಂಬಿಕೆ.

ಎರಡು ತಿಂಗಳ ನಂತರ, 2009ರ ಜನವರಿ 25ರ ಸಂಜೆ. ಗಣರಾಜ್ಯೋತ್ಸವದ ಪ್ರಶಸ್ತಿಗಳ ಪಟ್ಟಿ ಬಂತು. ಗಿರ್ಗಾಂವ್ ಚೌಪಾಟಿಯಲ್ಲಿ ಕಸಬ್‌ನ ಬಂದೂಕಿನ ನಳಿಗೆಯನ್ನು ಬರಿಗೈಯಲ್ಲಿ ಹಿಡಿದು, ಗುಂಡುಗಳನ್ನು ಮೈಯೊಳಗೆ ಇಳಿಸಿಕೊಂಡು, ಆದರೂ ಬಿಡದ ಎಎಸ್‌ಐ ತುಕಾರಾಂ ಓಂಬ್ಳೆ. ತಾಜ್ ಒಳಗೆ ಪ್ರಾಣ ಕೊಟ್ಟ ನಮ್ಮ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್. ಹೇಮಂತ್ ಕರ್ಕರೆ. ಎಲ್ಲರಿಗೂ ಅಶೋಕ ಚಕ್ರ. ನಾನು ಸುದ್ದಿ ಟೈಪ್ ಮಾಡುತ್ತಾ, ಪ್ರತಿ ವರ್ಷ ಹಾಕುವ ಸಾಲನ್ನೇ ಹಾಕಿದೆ: 'ಅಶೋಕ ಚಕ್ರವು ಶಾಂತಿಕಾಲದ ಅತ್ಯುನ್ನತ ಶೌರ್ಯ ಪ್ರಶಸ್ತಿ.' ಬೆರಳು ನಿಂತುಬಿಟ್ಟಿತು. ನವೆಂಬರಿನಲ್ಲಿ ಯುದ್ಧ ಅಂತ ಬರೆದ ಅದೇ ಕೈ ಜನವರಿಯಲ್ಲಿ ಶಾಂತಿಕಾಲ ಅಂತ ಬರೆಯುತ್ತಿತ್ತು!

ಯೋಚನೆ ಮಾಡಿ. ಕಾರ್ಗಿಲ್‌ನಲ್ಲಿ ಯಾರೂ ಯುದ್ಧ ಘೋಷಿಸಿರಲಿಲ್ಲ. ಆದರೂ ಅಲ್ಲಿ ನಾಲ್ವರಿಗೆ ಕೊಟ್ಟದ್ದು ಪರಮವೀರ ಚಕ್ರ, ಅಂದರೆ ರಣರಂಗದ ಪದಕ. ಮುಂಬೈನವರಿಗೆ ಕೊಟ್ಟದ್ದು ಶಾಂತಿಕಾಲದ ಪದಕ. ಇದು ಓಂಬ್ಳೆಯವರನ್ನು ಕಡಿಮೆ ಮಾಡಿದಂತಾಯಿತೇ? ನನಗೆ ಹಾಗನ್ನಿಸುವುದಿಲ್ಲ. ಅವರು ನಿಂತಿದ್ದು ರಣರಂಗದಲ್ಲಲ್ಲ, ಜನ ಭೇಲ್‌ಪುರಿ ತಿನ್ನಲು ಬರುವ ಕಡಲತೀರದಲ್ಲಿ. ಅದು ರಣರಂಗ ಅಲ್ಲ ಅಂತ ದೇಶ ಪಟ್ಟು ಹಿಡಿದು ಹೇಳಿದಂತಿತ್ತು. ನಮ್ಮ ಪದಕದ ಪೆಟ್ಟಿಗೆಗೆ ನಮ್ಮ ಹೆಡ್ಡಿಂಗಿಗಿಂತ ಹೆಚ್ಚು ಬುದ್ಧಿ ಇದೆ.

ಅದೇ ಜನವರಿಯಲ್ಲಿ ಬ್ರಿಟನ್ನಿನ ವಿದೇಶಾಂಗ ಸಚಿವ ಡೇವಿಡ್ ಮಿಲಿಬ್ಯಾಂಡ್ ಅದೇ ತಾಜ್ ಹೋಟೆಲಿಗೆ ಬಂದು, 'ಭಯೋತ್ಪಾದನೆ ವಿರುದ್ಧ ಯುದ್ಧ' ಅನ್ನೋ ಮಾತೇ ತಪ್ಪಾಗಿತ್ತು ಅಂತ ಭಾಷಣ ಮಾಡಿದರು. ಜೊತೆಗೆ ಕಾಶ್ಮೀರದ ಉಪದೇಶವನ್ನೂ ಸೇರಿಸಿದ್ದರಿಂದ ನಮ್ಮವರು ಸಿಟ್ಟಾದರು, ಮೊದಲಿನ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ರಾಯರು ಮಾತ್ರ ಏಜೆನ್ಸಿ ಕಾಪಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಕೆಂಪು ಪೆನ್ನಿನಲ್ಲಿ ಒಂದೇ ಪದ: 'ಒಡ್ಡೋಲಗ'.

ಈಗ ನಿಮ್ಮಲ್ಲಿ ಯಾರಾದರೂ ಎದ್ದು ಕೇಳಬೇಕು. ಕಾನೂನು ಓದುವವರು ಕೇಳದಿದ್ದರೆ ನನಗೆ ಬೇಜಾರು. 'ಸರ್, ಕಸಬ್ ಮೇಲೆ ಹಾಕಿದ್ದೇ ಐಪಿಸಿ 121. ಭಾರತ ಸರ್ಕಾರದ ವಿರುದ್ಧ ಯುದ್ಧ ಸಾರಿದ್ದು ಅಂತ. ಕಾನೂನಿನಲ್ಲೇ ಯುದ್ಧ ಇದೆಯಲ್ಲ?' ಇದೆ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ 147ನೇ ಕಲಂ ಆಗಿ ಕೂತಿದೆ. ಆದರೆ ಅಲ್ಲಿ ಯುದ್ಧ ಅನ್ನೋದು ಅವನು ಮಾಡಿದ ಅಪರಾಧದ ಹೆಸರು, ನಾವು ಮಾಡುತ್ತಿರುವ ಕೆಲಸದ ಹೆಸರಲ್ಲ. ಎರಡು ದೇಶಗಳ ನಡುವಿನ ಯುದ್ಧವೇ ಬೇರೆ, ಈ ಕಲಮಿನ ಯುದ್ಧವೇ ಬೇರೆ ಅಂತ ಸುಪ್ರೀಂ ಕೋರ್ಟು ಸಂಸತ್ ದಾಳಿ ಪ್ರಕರಣದಲ್ಲೇ ಬಿಡಿಸಿ ಹೇಳಿದೆ.

ಈ 121ಕ್ಕೆ ಒಂದು ಹಳೇ ಕಥೆ ಇದೆ. ಭಗತ್ ಸಿಂಗ್, ರಾಜಗುರು, ಸುಖದೇವ್ ಅವರಿಗೆ ಶಿಕ್ಷೆಯಾದದ್ದೂ ಇದೇ ಕಲಮಿನಡಿ, ಚಕ್ರವರ್ತಿಯ ವಿರುದ್ಧ ಯುದ್ಧ ಸಾರಿದರು ಅಂತ. 1931ರ ಮಾರ್ಚಿನಲ್ಲಿ, ಗಲ್ಲಿಗೆ ಕೆಲವೇ ದಿನ ಇದ್ದಾಗ, ಮೂವರೂ ಪಂಜಾಬಿನ ಗವರ್ನರಿಗೆ ಪತ್ರ ಬರೆದರು. ನಾವು ಯುದ್ಧ ಮಾಡಿದೆವು ಅಂತ ನಿಮ್ಮ ಕೋರ್ಟೇ ಹೇಳಿದೆ. ಹಾಗಾದರೆ ನಾವು ಯುದ್ಧ ಕೈದಿಗಳು. ನೇಣು ಹಾಕಬೇಡಿ, ಸೈನಿಕರನ್ನು ಕೊಲ್ಲುವ ಹಾಗೆ ಗುಂಡಿಟ್ಟು ಕೊಲ್ಲಿ. ಎಂಥ ಪತ್ರ ಅಲ್ವಾ! ಬ್ರಿಟಿಷರು ಗುಂಡು ಹಾರಿಸಲಿಲ್ಲ. ಹಾರಿಸಿದ್ದರೆ ಎದುರಿಗೆ ಇನ್ನೊಂದು ಪಕ್ಷ ಇದೆ, ಅದಕ್ಕೊಂದು ಧ್ವಜ ಇದೆ ಅಂತ ಒಪ್ಪಿದ ಹಾಗಾಗುತ್ತಿತ್ತು. 1945ರಲ್ಲಿ ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಫೌಜಿನ ಅಧಿಕಾರಿಗಳ ವಿಚಾರಣೆ. ಅಲ್ಲೂ ಅದೇ 121. ಭೂಲಾಭಾಯಿ ದೇಸಾಯಿ ವಾದಿಸಿದ್ದೂ ಅದನ್ನೇ: ಇವರು ಒಂದು ಸರ್ಕಾರದ ಸೈನಿಕರು, ಯುದ್ಧ ಮಾಡುವ ಹಕ್ಕು ಇವರಿಗಿದೆ.

ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಿರುವವರು ಈ ವಾಕ್ಯವನ್ನೂ ದಯವಿಟ್ಟು ಸೇರಿಸಿಕೊಳ್ಳಿ: ನಾನು ಭಗತ್ ಸಿಂಗ್ ಪಕ್ಕದಲ್ಲಿ ಕಸಬ್‌ನನ್ನು ನಿಲ್ಲಿಸುತ್ತಿಲ್ಲ. ನನ್ನ ಮಾತು ಉಲ್ಟಾ. ಆ ಪದವನ್ನು ಭಗತ್ ಸಿಂಗ್ ಬೇಡಿ ಕೇಳಿದರು, ಸಿಗಲಿಲ್ಲ. ಅಷ್ಟು ಬೆಲೆಯ ಪದ ಅದು. ಅದನ್ನು ನಾವು ರೈಲ್ವೆ ನಿಲ್ದಾಣದಲ್ಲಿ ಗುಂಡು ಹಾರಿಸಿದವನಿಗೆ ಕೇಳದೆಯೇ ಕೊಡುತ್ತಿದ್ದೇವೆ, ಎಂಟು ಕಾಲಮಿನಲ್ಲಿ.

ಕೇಳುವವರೂ ಇದ್ದಾರೆ. ಉತ್ತರ ಐರ್ಲೆಂಡಿನಲ್ಲಿ 1976ರಲ್ಲಿ ಬ್ರಿಟಿಷರು, ತಮ್ಮ ಆಳ್ವಿಕೆಯ ವಿರುದ್ಧ ಬಂದೂಕು ಹಿಡಿದಿದ್ದ ಐಆರ್‌ಎ ಸಂಘಟನೆಯ ಕೈದಿಗಳ ವಿಶೇಷ ಸ್ಥಾನ ತೆಗೆದು, ಇನ್ನು ಮೇಲೆ ನೀವೂ ಉಳಿದ ಕೈದಿಗಳ ಹಾಗೆ ಅಂದರು. ಅವರು ಜೈಲಿನ ಬಟ್ಟೆ ತೊಡಲು ಒಪ್ಪದೆ ವರ್ಷಗಟ್ಟಲೆ ಕಂಬಳಿ ಸುತ್ತಿಕೊಂಡು ಕೂತರು. ನಾವು ಕಳ್ಳರಲ್ಲ, ಸೈನಿಕರು ಅಂತ. 1981ರಲ್ಲಿ ಬಾಬಿ ಸ್ಯಾಂಡ್ಸ್ 66 ದಿನ ಉಪವಾಸವಿದ್ದು ಸತ್ತ. ಅವನ ಹಿಂದೆ ಒಂಬತ್ತು ಜನ ಸತ್ತರು. ಬ್ರಿಟನ್ನಿನ ಪ್ರಧಾನಿ ಥ್ಯಾಚರ್ ಜಗ್ಗಲಿಲ್ಲ, ಅಪರಾಧ ಅಪರಾಧವೇ ಅಂದರು. ಥ್ಯಾಚರ್ ಮಾಡಿದ್ದೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. ಆದರೆ ಒಂದು ಪದವಿಗಾಗಿ ಹತ್ತು ಜನ ಊಟ ಬಿಟ್ಟು ಸಾಯುತ್ತಾರೆ ಅಂದರೆ ಅದು ಪುಗಸಟ್ಟೆ ಹಂಚುವ ವಸ್ತುವಲ್ಲ.

ಅಮೆರಿಕದವರು ಹಂಚಿದರು. ಹಂಚಿ, ಅರ್ಧ ವಾಪಸ್ ಕಿತ್ತುಕೊಂಡರು. 2001ರಲ್ಲಿ ಬುಷ್ ಯುದ್ಧ ಅಂದರು. ಯುದ್ಧ ಆದರೆ ಹಿಡಿದವರು ಯುದ್ಧ ಕೈದಿಗಳು, ಜಿನೀವಾ ಒಪ್ಪಂದದ ಹಕ್ಕು ಕೊಡಬೇಕು. ಅದು ಬೇಡ. ಅಪರಾಧಿಗಳು ಅಂದರೆ ಕೋರ್ಟಿಗೆ ತರಬೇಕು. ಅದೂ ಬೇಡ. ಹಾಗಾಗಿ ಕ್ಯೂಬಾದಲ್ಲಿರುವ ತಮ್ಮ ಸೇನಾ ನೆಲೆಯ ಜೈಲು, ಗ್ವಾಂಟನಾಮೊ. ಅಲ್ಲಿ ಸುಮಾರು 780 ಜನರನ್ನು ಇಟ್ಟಿದ್ದರು.

ಇಲ್ಲಿ ಒಂದು ಸೋದರಮಾವ, ಸೋದರಳಿಯನ ಕಥೆ ಇದೆ. ಅಳಿಯ ರಮ್ಜಿ ಯೂಸೆಫ್. 1993ರಲ್ಲಿ ನ್ಯೂಯಾರ್ಕಿನ ಅದೇ ಜೋಡಿ ಕಟ್ಟಡದ ಕೆಳಗೆ ಬಾಂಬ್ ಇಟ್ಟವನು. 1995ರಲ್ಲಿ ಇಸ್ಲಾಮಾಬಾದಿನಲ್ಲಿ ಸಿಕ್ಕಿಬಿದ್ದ. ಆಗ ಯಾರೂ ಯುದ್ಧ ಅನ್ನಲಿಲ್ಲ. ನ್ಯೂಯಾರ್ಕಿನ ಸಾಮಾನ್ಯ ಕೋರ್ಟಿನಲ್ಲಿ ವಿಚಾರಣೆ, 1998ರಲ್ಲಿ ಜೀವಾವಧಿ ಮತ್ತು ಅದರ ಮೇಲೆ 240 ವರ್ಷ. ಇವತ್ತಿಗೂ ಜೈಲಿನಲ್ಲಿದ್ದಾನೆ, ಅವನ ಹೆಸರು ನಿಮ್ಮಲ್ಲಿ ಅರ್ಧ ಜನರಿಗೆ ಗೊತ್ತಿಲ್ಲ. ಮಾವ ಖಾಲಿದ್ ಶೇಖ್ ಮೊಹಮ್ಮದ್, 2001ರ ದಾಳಿಯ ಸೂತ್ರಧಾರ. ಸಿಕ್ಕಿದ್ದು 2003ರಲ್ಲಿ. ಅಷ್ಟರಲ್ಲಿ ಯುದ್ಧ ಶುರುವಾಗಿತ್ತು. 183 ಸಲ ಮುಖಕ್ಕೆ ನೀರು ಸುರಿದು ಉಸಿರುಗಟ್ಟಿಸಿದರು. ಹಾಗೆ ಹಿಂಸೆ ಕೊಟ್ಟ ಮೇಲೆ ಅವನು ಹೇಳಿದ್ದು ಸಾಕ್ಷಿಯಾಗುತ್ತದೆಯೇ ಅನ್ನೋ ಜಗಳದಲ್ಲೇ ವರ್ಷಗಳು ಹೋದವು. ಇಪ್ಪತ್ತೆರಡು ವರ್ಷ ಆಯಿತು, ಮುಖ್ಯ ವಿಚಾರಣೆಯೇ ಶುರುವಾಗಿಲ್ಲ.

ಕಸಬ್? 2008ರ ನವೆಂಬರಿನಲ್ಲಿ ಸಿಕ್ಕ. ಆರ್ಥರ್ ರೋಡ್ ಜೈಲಿನಲ್ಲಿ ಕೋರ್ಟು. ಅವನಿಗೂ ವಕೀಲರನ್ನು ಕೊಟ್ಟರು. ಬಿರಿಯಾನಿ ಸುದ್ದಿ ನಿಮಗೆಲ್ಲ ನೆನಪಿರಬೇಕು. ಅದು ಕಟ್ಟುಕಥೆ ಅಂತ ಸರ್ಕಾರಿ ವಕೀಲರೇ ಆಮೇಲೆ ಹೇಳಿದರು. ಹೈಕೋರ್ಟು, ಸುಪ್ರೀಂ ಕೋರ್ಟು, ರಾಷ್ಟ್ರಪತಿ, ಎಲ್ಲ ಮುಗಿದು 2012ರ ನವೆಂಬರ್ 21ಕ್ಕೆ ಗಲ್ಲು. ನಾಲ್ಕು ವರ್ಷ. ನಿಧಾನ ಅಂತ ನಾವು ಬೈದದ್ದು ಈ ನಾಲ್ಕು ವರ್ಷವನ್ನು! ಇನ್ನೂ ಮುಖ್ಯ ಸಂಗತಿ, ಜೊತೆಗೆ ಆರೋಪ ಹೊತ್ತ ಇಬ್ಬರು ಭಾರತೀಯರನ್ನು ಅದೇ ಕೋರ್ಟು ಸಾಕ್ಷಿ ಸಾಲದು ಅಂತ ಬಿಟ್ಟಿತು. ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಯುದ್ಧದಲ್ಲಿ ಖುಲಾಸೆ ಅಂತ ಒಂದು ಪದವೇ ಇಲ್ಲ.

ಚೀಟಿ ಬಂತು. ಹತ್ತು ನಿಮಿಷ ಅಂತ ಬರೆದಿದ್ದಾರೆ. ಐದು ಅಂತ ಓದಿಕೊಳ್ಳುತ್ತೇನೆ. ಬ್ರಿಟನ್, ಸ್ಪೇನ್, ಶ್ರೀಲಂಕಾ ಅಂತ ಬರೆದುಕೊಂಡು ಬಂದಿದ್ದ ಮೂರು ಹಾಳೆ ಪಕ್ಕಕ್ಕಿಡುತ್ತೇನೆ.

ಪಹಲ್ಗಾಮ್ ಬಗ್ಗೆ ಹೇಳದೆ ಹೋದರೆ ತಪ್ಪಿಸಿಕೊಂಡ ಅನ್ನುತ್ತೀರಿ. 2025ರ ಏಪ್ರಿಲ್ 22ಕ್ಕೆ 26 ಜನ. ಅವರಲ್ಲಿ ನಮ್ಮ ಶಿವಮೊಗ್ಗದವರಿದ್ದರು, ಬೆಂಗಳೂರಿನವರಿದ್ದರು. ಮೇ 7ಕ್ಕೆ ಸಿಂಧೂರ ಕಾರ್ಯಾಚರಣೆ. ಮುಂದಿನ ದಾಳಿಯನ್ನು ಯುದ್ಧವೆಂದೇ ಪರಿಗಣಿಸುತ್ತೇವೆ ಅಂತ ಮೇ 10ಕ್ಕೆ ಸರ್ಕಾರದ ಮೂಲಗಳಿಂದ ಸುದ್ದಿ ಬಂತು. ಗಡಿಯಾಚೆ ಒಂದು ದೇಶ ಇವರನ್ನು ಸಾಕುತ್ತಿದ್ದರೆ ಆ ದೇಶದ ಜೊತೆ ಏನು ಮಾಡಬೇಕು ಅನ್ನೋದು ಬೇರೆ ಪ್ರಶ್ನೆ. ಅಲ್ಲಿ ಸೇನೆ ಬೇಕಾಗಬಹುದು. ಅಲ್ಲಿ ಎದುರಿಗೆ ರಾಜ್ಯವೂ ಇದೆ, ಧ್ವಜವೂ ಇದೆ, ರಾಯರ ಲೆಕ್ಕದಲ್ಲಿ ಒಡ್ಡೋಲಗಕ್ಕೆ ಅರ್ಹತೆಯೂ ಇದೆ. ನನ್ನ ತಕರಾರು ಹುಲ್ಲುಗಾವಲಿನಲ್ಲಿ ಹೆಸರು ಕೇಳಿ ಗುಂಡು ಹೊಡೆದವನಿಗೆ ಸೈನಿಕನ ಪಟ್ಟ ಕಟ್ಟುವುದಕ್ಕೆ ಮಾತ್ರ. ಇನ್ನೊಂದು ಅಡಚಣೆ ನೋಡಿ. ಮುಂದಿನ ದಾಳಿ ಯುದ್ಧ ಅಂತ ಮೊದಲೇ ಹೇಳಿಟ್ಟರೆ, ಯುದ್ಧ ಯಾವಾಗ ಶುರುವಾಗಬೇಕು ಅನ್ನೋದನ್ನು ನಾಲ್ಕು ಜನ ಉಗ್ರರ ಕೈಗೆ ಕೊಟ್ಟ ಹಾಗೆ ಆಗುವುದಿಲ್ಲವೇ?

ಇತ್ತೀಚಿನದನ್ನೇ ನೋಡಿ. ಶ್ರೀನಗರದ ನೌಗಾಮ್‌ನಲ್ಲಿ ಗೋಡೆಗೆ ಯಾರೋ ಪೋಸ್ಟರ್ ಅಂಟಿಸಿದ್ದರು. ಪೊಲೀಸರು ಸುಮ್ನೆ ಹರಿದು ಹಾಕಿ ಹೋಗಲಿಲ್ಲ. ಅಂಟಿಸಿದ್ದು ಯಾರು ಅಂತ ಸಿಸಿಟಿವಿ ನೋಡಿದರು. ಆ ಎಳೆ ಫರೀದಾಬಾದಿಗೆ ಹೋಗಿ ಸುಮಾರು 2,900 ಕೆ.ಜಿ. ಸ್ಫೋಟಕ ಸಾಮಗ್ರಿ ಸಿಕ್ಕಿತು. ಒಂದು ಕಾರು ತಪ್ಪಿಸಿಕೊಂಡು ಕೆಂಪುಕೋಟೆಯ ಹತ್ತಿರ ಸಿಡಿಯಿತು, ನಿಜ. ಆದರೆ ಉಳಿದದ್ದನ್ನು ತಡೆದದ್ದು ಗೋಡೆ ನೋಡಿದ ಪೊಲೀಸರು. ನಮ್ಮ ರಾಮೇಶ್ವರಂ ಕೆಫೆ ಸ್ಫೋಟದಲ್ಲಿ ಬಿಸಾಕಿ ಹೋದ ಒಂದು ಟೋಪಿಯಿಂದ ಚೆನ್ನೈ ತನಕ ಜಾಡು ಸಿಕ್ಕಿತು. ಇದೆಲ್ಲ ಪೊಲೀಸ್ ಠಾಣೆಯ ಕೆಲಸ. ಜಾಸ್ತಿ ಸದ್ದಿಲ್ಲ, ಹೆಡ್ಡಿಂಗಿಗೆ ಬರುವುದಿಲ್ಲ.

ಮೈಸೂರಿನಲ್ಲಿ ನಿಂತು ಟಾಡಾ ಅನ್ನೋ ಹಳೇ ಭಯೋತ್ಪಾದನೆ ತಡೆ ಕಾನೂನಿನ ಬಗ್ಗೆ ಎರಡು ಮಾತು ಆಡದೆ ಹೋಗಲಾರೆ. ವೀರಪ್ಪನ್ ವಿರುದ್ಧವೂ ನಾವು ಸಮರ ಅಂತಲೇ ಬರೆದೆವು. ಆ ಸಮರದಲ್ಲಿ ಸಿಕ್ಕವರು ಕಾಡಂಚಿನ ಹಳ್ಳಿಯವರು. ವರ್ಷಗಟ್ಟಲೆ ಇದೇ ಊರಿನ ಜೈಲಿನಲ್ಲಿದ್ದರು. 2001ರಲ್ಲಿ ಟಾಡಾ ಕೋರ್ಟು ಬಹುಪಾಲು ಜನರನ್ನು ತಪ್ಪಿಲ್ಲ ಅಂತ ಬಿಟ್ಟಿತು. ಆ ಸುದ್ದಿಗೆ ನಾನು ಕೊಟ್ಟಿದ್ದು ಎರಡು ಕಾಲಂ. ಹಿರಿಯ ವಕೀಲರು ಇಲ್ಲೇ ಕೂತಿದ್ದೀರಿ, ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಎರಡನೇ ಚೀಟಿಯೂ ಬಂತು. ಒಂದು ಫೋನಿನ ಕಥೆ ಹೇಳಿ ಇಳಿಯುತ್ತೇನೆ.

ಕಸಬ್‌ಗೆ ಗಲ್ಲಾದ ಮರುದಿನ ಬೆಳಿಗ್ಗೆ ಉಡುಪಿಯಿಂದ ರಾಯರ ಫೋನು. ಅಷ್ಟರಲ್ಲಿ ಅವರು ಊರು ಸೇರಿದ್ದರು. ಈ ಸಲ ಹೆಡ್ಡಿಂಗಿನಲ್ಲಿ ನಾನು ಯುದ್ಧ ಹಾಕಿರಲಿಲ್ಲ. 'ಕಸಬ್‌ಗೆ ಗಲ್ಲು' ಅಷ್ಟೇ. ಮೆಚ್ಚುತ್ತಾರೆ ಅಂದುಕೊಂಡಿದ್ದೆ.

"ಎಷ್ಟು ಕಾಲಂ ಕೊಟ್ಟೆ?"

"ಎಂಟು ರಾಯರೇ."

"ಫೋಟೊ?"

"ಅವನದೇ. ಬಂದೂಕು ಹಿಡಿದು ಸ್ಟೇಷನ್ನಿನಲ್ಲಿ ಹೋಗುತ್ತಿರುವುದು. ಅರ್ಧ ಪುಟ."

"ಓಂಬ್ಳೆಯವರದ್ದು?"

"ಒಳಪುಟದಲ್ಲಿದೆ. ಸ್ಟಾಂಪ್ ಸೈಜು."

"ಹ್ಞಾ," ಅಂದರು ರಾಯರು. ಸ್ವಲ್ಪ ಹೊತ್ತು ಬಿಟ್ಟು, "ಕಾಫಿ ಆಯ್ತಾ?" ಅಂತ ಕೇಳಿದರು.